ಒಳಗೆ ಹೋಗುವವನು, ಹೊರಗೆ ಬರುವವಳು

ಒಂದು ಸಿನಿಮಾವನ್ನು ಒಮ್ಮೆ ನೋಡಿ ಬಂದು ‘ಪರವಾಗಿಲ್ಲ, ಚೆನ್ನಾಗಿದೆ’ ಎನ್ನುವವರು ಪ್ರೇಕ್ಷಕರು. ಅದನ್ನೇ ಮೂರು ಸಲ ನೋಡಿ, ನಾಲ್ಕನೆಯ ಸಲಕ್ಕೆ ನಮ್ಮನ್ನೂ ಎಳೆದುಕೊಂಡು ಹೋಗಿ, ಪರದೆಯನ್ನು ಬಿಟ್ಟು ನಮ್ಮ ಮುಖವನ್ನೇ ನೋಡುತ್ತ ಕೂರುವವರು ಅಭಿಮಾನಿಗಳು. ನಮಗೆ ಇಷ್ಟವಾಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ನನ್ನ ತಂಗಿಯ ಮಗ ಈ ಎರಡನೆಯ ಗುಂಪಿಗೆ ಸೇರಿದವನು. 2024ರ ಜೂನ್ 27ರಂದು ತೆರೆಗೆ ಬಂದ ‘ಕಲ್ಕಿ 2898 ಎ.ಡಿ.’ ಚಿತ್ರದ ವಿಷಯದಲ್ಲಿ ಅವನು ಮಾಡಿದ್ದೂ ಇದನ್ನೇ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ತೆಲುಗು ಸಿನಿಮಾ ಹೊರಗಿನದಲ್ಲ. ಆಂಧ್ರದ ಗಡಿ ಪಕ್ಕದಲ್ಲೇ ಇದೆ. ಮನೆಯೊಳಗೆ ತೆಲುಗು, ಅಂಗಡಿಯಲ್ಲಿ ಕನ್ನಡ ಆಡುವ ಕುಟುಂಬಗಳು ಎಷ್ಟೋ ಇವೆ. ಹಾಗಾಗಿ ಈ ಚಿತ್ರಕ್ಕೆ ಇಲ್ಲಿ ಅಭಿಮಾನಿಗಳು ಹುಟ್ಟಿದ್ದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಇದು ವೈಜ್ಞಾನಿಕ ಕಲ್ಪನೆಯ ಚಿತ್ರ. ಎಂಟುನೂರಕ್ಕೂ ಹೆಚ್ಚು ವರ್ಷಗಳ ಮುಂದಿನ ಕಥೆ, ಬಾಯಿಗೆ ಬಾರದ ಯಂತ್ರಗಳ ಹೆಸರು, ಮೂರು ಗಂಟೆಯ ಉದ್ದ. ಇಂಥದ್ದಕ್ಕೆ ನಮ್ಮ ಹುಡುಗರು ಹೀಗೆ ಮರುಳಾಗುವುದೇಕೆ?

ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2898ನೆಯ ಇಸವಿ. ಗಂಗೆ ಬತ್ತಿದೆ. ಉಳಿದಿರುವ ಊರು ಕಾಶಿಯೊಂದೇ. ಎಲ್ಲೆಲ್ಲೂ ಧೂಳು, ಹಸಿವು. ಅದರ ಮೇಲೆ ಆಕಾಶದಲ್ಲಿ ತಲೆಕೆಳಗಾದ ಪಿರಮಿಡ್ಡಿನಂತೆ ‘ಕಾಂಪ್ಲೆಕ್ಸ್’ ಎಂಬ ಊರು ತೂಗುತ್ತಿದೆ. ನೀರು, ಮರ, ಹಣ್ಣು ಎಲ್ಲ ಅಲ್ಲಿವೆ. ಒಳಗೆ ಸೇರಬೇಕಾದರೆ ‘ಯೂನಿಟ್’ ಎಂಬ ಹಣ ಕಟ್ಟಬೇಕು. ನಾಯಕ ಭೈರವನಿಗೆ (ಪ್ರಭಾಸ್) ಬದುಕಿನಲ್ಲಿ ಇರುವುದು ಒಂದೇ ಆಸೆ: ಹೇಗಾದರೂ ಯೂನಿಟ್ ಕೂಡಿಸಿ ಕಾಂಪ್ಲೆಕ್ಸಿನೊಳಗೆ ಸೇರಿಬಿಡಬೇಕು. ಅದಕ್ಕಾಗಿ ತಲೆಮರೆಸಿಕೊಂಡವರನ್ನು ಹಿಡಿದುಕೊಟ್ಟು ಬಹುಮಾನ ಪಡೆಯುವುದೇ ಅವನ ಕಸುಬು. ಇತ್ತ ಕಾಂಪ್ಲೆಕ್ಸಿನ ಒಳಗೊಂದು ಪ್ರಯೋಗಶಾಲೆ. ಗರ್ಭ ಧರಿಸಬಲ್ಲ ಹುಡುಗಿಯರನ್ನು ಹಿಡಿದು ತಂದು, ಅವರ ಗರ್ಭದಿಂದ ಸತ್ವ ತೆಗೆದು, ಊರಿನ ಒಡೆಯ ಯಾಸ್ಕಿನ್ (ಕಮಲ್ ಹಾಸನ್) ತನ್ನ ಆಯಸ್ಸನ್ನು ಬೆಳೆಸಿಕೊಳ್ಳುತ್ತಿದ್ದಾನೆ. ಅಲ್ಲಿಂದ ತಪ್ಪಿಸಿಕೊಂಡು ಬರುವ ಗರ್ಭಿಣಿ ಸುಮತಿ (ದೀಪಿಕಾ ಪಡುಕೋಣೆ). ಅವಳನ್ನು ಹಿಡಿಯಲು ಭೈರವ ಬೆನ್ನು ಹತ್ತುತ್ತಾನೆ. ಕಾಯಲು ಕುರುಕ್ಷೇತ್ರದಿಂದ ಉಳಿದುಬಂದ ಅಶ್ವತ್ಥಾಮ (ಅಮಿತಾಭ್ ಬಚ್ಚನ್) ಎದ್ದು ನಿಲ್ಲುತ್ತಾನೆ.

ಇಷ್ಟು ಜನ ಮೆಚ್ಚಿದ್ದೇಕೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಮೂರು: ದೊಡ್ಡ ನಾಯಕ, ಕಂಪ್ಯೂಟರಿನ ಚಮತ್ಕಾರ, ಪುರಾಣದ ಎಳೆ. ಈ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ಇದಕ್ಕೆ ಒಂದೇ ವರ್ಷ ಮೊದಲು, 2023ರ ಜೂನ್‌ನಲ್ಲಿ, ‘ಆದಿಪುರುಷ್’ ಬಂದಿತ್ತು. ನಾಯಕ ಇದೇ ಪ್ರಭಾಸ್. ಕಂಪ್ಯೂಟರ್ ಚಮತ್ಕಾರ ಬೇಕಾದಷ್ಟಿತ್ತು. ಪುರಾಣವೆಂದರೆ ರಾಮಾಯಣವೇ. ಜನ ಅದನ್ನು ನೋಡಿ ನಕ್ಕರು, ರೇಗಿದರು, ಮರೆತರು. ಈ ಮೂರೂ ಇದ್ದು ಸೋತ ಚಿತ್ರ ಕಣ್ಣೆದುರಿಗೇ ಇರುವಾಗ, ಗೆಲುವಿನ ಗುಟ್ಟನ್ನು ಬೇರೆಡೆ ಹುಡುಕಬೇಕು.

ಮೊದಲು ‘ಸ್ಟೈಲ್’ ಎಂಬ ಮಾತನ್ನು ತೆಗೆದುಕೊಳ್ಳೋಣ. ಹುಡುಗರು ಈ ಚಿತ್ರದ ಬಗ್ಗೆ ಮಾತು ಶುರು ಮಾಡುವುದೇ ಈ ಪದದಿಂದ. ನಮ್ಮ ಹಿರಿಯರಲ್ಲಿ ಇದಕ್ಕೆ ಠೀವಿ, ಗತ್ತು ಎನ್ನುತ್ತಿದ್ದರು. ನಮ್ಮ ಕಡೆಯ ಮೂಡಲಪಾಯ ಬಯಲಾಟ ನೋಡಿದವರಿಗೆ ಇದು ಗೊತ್ತು. ವೇಷಧಾರಿ ಒಮ್ಮೆಗೇ ಮುಖ ತೋರಿಸುವುದಿಲ್ಲ. ಮೊದಲು ತೆರೆ, ತೆರೆಯ ಹಿಂದೆ ಹೆಜ್ಜೆಯ ಸದ್ದು, ಆಮೇಲೆ ಕಿರೀಟದ ತುದಿ. ಅವನು ಭೀಮನೋ ದುರ್ಯೋಧನನೋ ಎಂಬುದು ಕೂತ ಎಲ್ಲರಿಗೂ ತಿಳಿದಿದ್ದರೂ ತಾನು ಯಾರೆಂದು ಅವನ ಬಾಯಿಂದಲೇ ಕೇಳಬೇಕು. ಕಥೆ ಗೊತ್ತಿದ್ದೇ ಜನ ಬೆಳಗಿನವರೆಗೂ ಕೂರುತ್ತಾರೆ. ಮುಂದೇನಾಗುತ್ತದೆ ಎಂಬ ಕುತೂಹಲ ಅವರಿಗಿಲ್ಲ. ಈ ಸಲ ಹೇಗೆ ಬರುತ್ತಾನೆ ಎಂಬುದೇ ಕುತೂಹಲ.

‘ಕಲ್ಕಿ’ಯ ಭೈರವ ಬರುವುದೂ ಹೀಗೆಯೇ. ಅವನ ಗಾಡಿ ‘ಬುಜ್ಜಿ’ಗೆ ಬುದ್ಧಿಯಿದೆ, ಹೆಣ್ಣುದನಿಯಿದೆ. ಅದು ಅವನೊಡನೆ ಮಾತಾಡುತ್ತದೆ, ಚುಡಾಯಿಸುತ್ತದೆ, ಎಚ್ಚರಿಸುತ್ತದೆ. ಬಯಲಾಟದ ಸಾರಥಿ ಮಾಡುವ ಕೆಲಸವೂ ಅದೇ ಅಲ್ಲವೆ? ವೀರನನ್ನು ಮಾತಿಗೆಳೆದು, ಅವನ ಜಂಬವನ್ನು ಹೊರತೆಗೆದು, ನಮ್ಮನ್ನು ನಗಿಸುವುದು. ಸುಮಾರು ಆರು ಟನ್ ತೂಕದ ಆ ಗಾಡಿಯನ್ನು ಮಹೀಂದ್ರ ಕಂಪನಿ ಮತ್ತು ಕೊಯಮತ್ತೂರಿನ ಜಯೆಂ ಆಟೊಮೋಟಿವ್ಸ್ ನಿಜವಾಗಿಯೇ ಕಟ್ಟಿ ಓಡಿಸಿದವು. ಅದು ಊರೂರಿಗೆ ಬಂದಾಗ ಜನ ತೇರು ನೋಡಿದ ಹಾಗೆ ಮುತ್ತಿದರು. ಅಂದರೆ ಹೊಸದೆಂದು ಕಾಣುವ ಈ ಠೀವಿ ಹಳೆಯ ರುಚಿಯೇ. ಹಿಂದೆ ಕೋಟು ತೊಟ್ಟು ಪಿಸ್ತೂಲು ಹಿಡಿದ ರಾಜ್‌ಕುಮಾರರನ್ನು 1968ರ ‘ಗೋವಾದಲ್ಲಿ ಸಿಐಡಿ 999’ ಚಿತ್ರದಲ್ಲಿ ನೋಡಿ ಶಿಳ್ಳೆ ಹೊಡೆದವರ ರುಚಿಯೂ ಇದೇ ಆಗಿತ್ತು.

ಆದರೆ ಠೀವಿಗೆ ಶಿಳ್ಳೆ ಸಿಗುತ್ತದೆ. ನಿಷ್ಠೆ ಸಿಗಬೇಕಾದರೆ ಇನ್ನೊಂದು ಬೇಕು. ನೋಡುವವನ ಸ್ವಂತ ಆಸೆಯನ್ನು ಚಿತ್ರ ಮುಟ್ಟಬೇಕು. ಅದು ಏನೆಂದು ತಿಳಿಯಲು ಚಳ್ಳಕೆರೆಯಷ್ಟು ಒಳ್ಳೆಯ ಜಾಗ ಬೇರೆ ಇಲ್ಲ.

ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಕುರಿ, ದನ ಮೇಯುತ್ತಿದ್ದವು. ಆ ಕುರಿಗಳ ಉಣ್ಣೆಯಿಂದಲೇ ನಮ್ಮ ಊರಿನ ಕಂಬಳಿಗೆ ಹೆಸರು ಬಂದದ್ದು. ಆ ಹುಲ್ಲುಗಾವಲುಗಳಲ್ಲಿ ಸಾವಿರಾರು ಎಕರೆಯನ್ನು ಸರ್ಕಾರ ವಿಜ್ಞಾನ, ರಕ್ಷಣೆಯ ಸಂಸ್ಥೆಗಳಿಗೆ ಕೊಟ್ಟಿತು. ಕುರಿಗಾಹಿಗಳು ತಮ್ಮ ಕಾವಲಿಗಾಗಿ ಹೋರಾಡಿದ್ದು, ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಡಿ.ಆರ್.ಡಿ.ಒ. ಸಂಸ್ಥೆಯ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು. ‘ಕಲ್ಕಿ’ ಬಿಡುಗಡೆಗೆ ನಾಲ್ಕು ದಿನ ಮೊದಲು, 2024ರ ಜೂನ್ 23ರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ, ಅದೇ ಕೇಂದ್ರದಲ್ಲಿ ಇಸ್ರೊದ ರೆಕ್ಕೆಯಿರುವ ವಾಹನ ‘ಪುಷ್ಪಕ್’ ಇಳಿಯಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಚಾಲಕನಿಲ್ಲದ ವಾಹನ ತಾನಾಗಿಯೇ ದಾರಿ ಸರಿಪಡಿಸಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿ, ಧುಮುಕುಕೊಡೆ ಬಿಚ್ಚಿ ನಿಂತಿತು. 2023ರ ಏಪ್ರಿಲ್ 2ರಿಂದ ನಡೆದ ಮೂರು ಪ್ರಯೋಗಗಳಲ್ಲಿ ಇದು ಮೂರನೆಯದು, ಕೊನೆಯದು.

ನಮ್ಮ ಊರಿನ ಪಕ್ಕದಲ್ಲೇ ಪುಷ್ಪಕ ವಿಮಾನ ಇಳಿದರೂ ನಾವು ನೋಡಿದ್ದು ಟಿ.ವಿ.ಯಲ್ಲಿ. ಅದು ನಡೆಯಬೇಕಾದ್ದೂ ಹಾಗೆಯೇ, ಕಾವಲಿಲ್ಲದೆ ಅಂಥ ಕೆಲಸ ಆಗದು. ಆದರೂ ಬಸ್ಸಿನ ಕಿಟಕಿಯಿಂದ ಆ ಉದ್ದನೆಯ ಗೋಡೆಯನ್ನು ನೋಡುತ್ತ ಹೋಗುವ ಹುಡುಗನ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೂರುತ್ತದೆ: ಒಳಗೆ ಏನಿದೆ, ನಾನು ಯಾವಾಗ ಹೋಗುತ್ತೇನೆ? ಬೆಂಗಳೂರಿನ ದೊಡ್ಡ ದೊಡ್ಡ ಕಚೇರಿಗಳ ಗೇಟಿನ ಮುಂದೆ ನಿಂತಾಗಲೂ ಅದೇ ಪ್ರಶ್ನೆ. ಹೊರಗೆ ಬರಗಾಲ, ಒಳಗೆ ತಂಪು. ಭೈರವನ ಆಸೆ ಅವನದೂ ಹೌದು.

ಈ ಭೈರವ ಒಳ್ಳೆಯವನೇನಲ್ಲ ಎಂಬುದನ್ನು ಗಮನಿಸಬೇಕು. ಲೋಕೋದ್ಧಾರ ಅವನಿಗೆ ಬೇಡ. ಮನೆಯ ಬಾಡಿಗೆ ಕಟ್ಟದೆ ಮಾಲೀಕನಿಂದ ತಪ್ಪಿಸಿಕೊಂಡು ತಿರುಗುತ್ತಾನೆ. ಒಮ್ಮೆ ಕಾಂಪ್ಲೆಕ್ಸಿನ ಒಳಗೆ ಹೋಗಲು ಸಿಕ್ಕಾಗ ಹಸಿರನ್ನೂ ನೀರನ್ನೂ ನೋಡಿ ಮಗುವಿನಂತೆ ಬಾಯಿ ಬಿಡುತ್ತಾನೆ. ರಾಮನನ್ನು ಪೂಜಿಸಬಹುದು, ಇಂಥವನನ್ನು ಗೆಳೆಯನೆನ್ನಬಹುದು. ಅಭಿಮಾನ ಹುಟ್ಟುವುದು ಎರಡನೆಯ ಕಡೆಯಲ್ಲಿ. ಮೇಲಿನ ಊರು, ಕೆಳಗಿನ ಊರು ಎಂಬ ಕಲ್ಪನೆ ಹೊಸದೇನಲ್ಲ. ಜರ್ಮನಿಯ ಫ್ರಿಟ್ಸ್ ಲಾಂಗ್ 1927ರ ‘ಮೆಟ್ರೊಪೊಲಿಸ್’ ಚಿತ್ರದಲ್ಲೇ ತೋರಿಸಿದ್ದ. ನಿರ್ದೇಶಕ ನಾಗ್ ಅಶ್ವಿನ್ ಅದನ್ನು ಬತ್ತಿದ ಗಂಗೆಯ ದಡದಲ್ಲಿ ನಿಲ್ಲಿಸಿದ್ದರಿಂದ ಅದು ನಮ್ಮದಾಯಿತು. ಬಾವಿ ಬತ್ತುವುದೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಗಂಡುಹುಡುಗರ ಅಭಿಮಾನದ ಮಾತಾಯಿತು. ಆಗಸ್ಟ್‌ನಲ್ಲಿ ಚಿತ್ರ ಮನೆಯಲ್ಲೇ ಕನ್ನಡದಲ್ಲಿ ನೋಡಲು ಸಿಕ್ಕಾಗ ನಮ್ಮ ಬೀದಿಯ ಹೆಂಗಸರೂ ನೋಡಿದರು. ಅವರಿಗೆ ಬುಜ್ಜಿ ಬೇಕಿರಲಿಲ್ಲ. ಪ್ರಯೋಗಶಾಲೆಯಲ್ಲಿ ಸಾಲಾಗಿ ನಿಂತ ಹುಡುಗಿಯರು, ಅವರಿಗೆ ಹೆಸರಿನ ಬದಲು ಕೊಟ್ಟ ನಂಬರು, ಇನ್ನು ಪ್ರಯೋಜನವಿಲ್ಲವೆಂದಾಗ ಅವರಿಗಾಗುವ ಗತಿ, ಇದನ್ನು ನೋಡುವಾಗ ಕೋಣೆಯಲ್ಲಿ ಸದ್ದಿರಲಿಲ್ಲ. ಬಸುರಾದ ಮೇಲೆ ಹೊಟ್ಟೆಯನ್ನು ಎಲ್ಲರೂ ವಿಚಾರಿಸುತ್ತಾರೆ, ಹೊಟ್ಟೆ ಹೊತ್ತವಳನ್ನು ವಿಚಾರಿಸುವುದಿಲ್ಲ ಎಂಬುದನ್ನು ತಿಳಿದ ಹೆಂಗಸರು ಅವರು. ಅಶ್ವತ್ಥಾಮನನ್ನು ಕಂಡು ಅವರ ಕಣ್ಣು ಒದ್ದೆಯಾಯಿತು. ಉತ್ತರೆಯ ಗರ್ಭದ ಮೇಲೆ ಅಸ್ತ್ರ ಬಿಟ್ಟವನು, ಆರು ಸಾವಿರ ವರ್ಷ ಗಾಯ ಹೊತ್ತು ಅಲೆದು, ಕೊನೆಗೆ ಇನ್ನೊಬ್ಬ ಬಸುರಿಯ ಕಾವಲಿಗೆ ನಿಲ್ಲುವುದು! ಈ ಚಿತ್ರದಲ್ಲಿ ನಾನು ಕಂಡ ನಿಜವಾದ ದೊಡ್ಡ ಕಲ್ಪನೆ ಇದೇ. ಗರ್ಭದ ಮೇಲೆ ಕೈ ಮಾಡಿದ ಗಂಡಸಿಗೆ ಇಷ್ಟು ದೀರ್ಘವಾದ ಶಿಕ್ಷೆಯನ್ನು, ಇಷ್ಟು ಘನತೆಯ ಪ್ರಾಯಶ್ಚಿತ್ತವನ್ನು ಕೊಟ್ಟ ಸಿನಿಮಾ ನನಗೆ ಬೇರೆ ನೆನಪಾಗುವುದಿಲ್ಲ.

ಹೀಗೆ ನೋಡಿದರೆ ಒಂದೇ ಗೋಡೆಗೆ ಎರಡು ಕಥೆ. ಗಂಡಸು ಒಳಗೆ ಹೋಗಬೇಕೆನ್ನುತ್ತಾನೆ. ಹೆಂಗಸು ಹೊರಗೆ ಬರಬೇಕೆನ್ನುತ್ತಾಳೆ. ಅವನು ಸ್ವರ್ಗವೆಂದುಕೊಂಡದ್ದು ಅವಳಿಗೆ ಸೆರೆಮನೆ. ಈ ಎರಡನ್ನೂ ಒಟ್ಟಿಗೆ ಕಟ್ಟಿದ್ದರಿಂದಲೇ ಒಂದೇ ಮನೆಯ ಮಗ, ತಾಯಿ ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಈ ಚಿತ್ರವನ್ನು ಹಚ್ಚಿಕೊಂಡರು. ‘ಕಲ್ಕಿ’ಯ ಬಲ ಇದು.

ದೋಷವೂ ಇಲ್ಲೇ ಇದೆ. ಸುಮತಿ ಬೆಂಕಿಯ ನಡುವೆ ನಡೆದು ಹೊರಗೆ ಬರುವ ದೃಶ್ಯ ಇಡೀ ಚಿತ್ರದ ಶಿಖರ. ಅಲ್ಲಿಗೆ ಅವಳ ಕೆಲಸ ಮುಗಿಯಿತೇನೋ ಎಂಬಂತೆ ಆಮೇಲೆ ಅವಳನ್ನು ಒಬ್ಬರು ಒಯ್ಯುತ್ತಾರೆ, ಇನ್ನೊಬ್ಬರು ಕಾಯುತ್ತಾರೆ, ಮತ್ತೊಬ್ಬರು ‘ತಾಯೇ’ ಎಂದು ಕೈಮುಗಿಯುತ್ತಾರೆ. ನಮ್ಮ ಪಕ್ಕದ ಮನೆಯ ಅಕ್ಕ ನಡುವೆ ಕೇಳಿದರು: “ಅಲ್ಲಾ, ಆ ಹುಡುಗೀನ ಯಾರಾದ್ರೂ ‘ನಿನಗೇನು ಬೇಕಮ್ಮ’ ಅಂತ ಒಂದು ಮಾತು ಕೇಳಿದ್ರಾ?” ತಂಗಿಯ ಮಗ, “ಅವಳು ದೇವರ ತಾಯಿ ಅಲ್ವಾ ದೊಡ್ಡಮ್ಮ, ಅವಳಿಗೇನು ಬೇಕಿರುತ್ತೆ?” ಎಂದು ನನ್ನ ಕಡೆ ನೋಡಿದ. ಆ ಉತ್ತರ ಅವನದಲ್ಲ, ಚಿತ್ರದ್ದು. ನಂಬರು ಕೊಟ್ಟು ಕೂಡಿಹಾಕಿದವರೂ, ದೇವಿಯೆಂದು ಕೂರಿಸಿದವರೂ ಅವಳನ್ನು ಕೇಳದೇ ಮಾಡಿದರು. ಜಾರ್ಜ್ ಮಿಲ್ಲರನ 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಚಿತ್ರದಲ್ಲೂ ಹೆರಿಗೆಗೆಂದೇ ಕೂಡಿಟ್ಟ ಹೆಂಗಸರು ಮರುಭೂಮಿಗೆ ತಪ್ಪಿಸಿಕೊಳ್ಳುತ್ತಾರೆ. ಅಲ್ಲಿ ಗಾಡಿ ಓಡಿಸುವವಳು ಹೆಂಗಸು. ಎಲ್ಲಿಗೆ ಹೋಗಬೇಕು, ಯಾವಾಗ ಹಿಂದಿರುಗಬೇಕು ಎಂಬುದರಲ್ಲಿ ಅವರ ಮಾತೂ ನಡೆಯುತ್ತದೆ. ಮರಳು, ಧೂಳು, ವಿಚಿತ್ರ ಗಾಡಿಗಳನ್ನು ಅಂಥ ಚಿತ್ರಗಳಿಂದ ಧಾರಾಳವಾಗಿ ತೆಗೆದುಕೊಂಡವರು ಇದನ್ನೂ ತೆಗೆದುಕೊಳ್ಳಬಹುದಾಗಿತ್ತು.

‘ಕಲ್ಕಿ’ಯ ಚಿತ್ರಕಥೆಗೆ ಮಾರ್ಗದರ್ಶನ ಮಾಡಿದವರು ಸಿಂಗೀತಂ ಶ್ರೀನಿವಾಸರಾವ್. ಕಾಯಿಲೆಯ ಹೆಂಡತಿಯನ್ನು ಉಳಿಸಿಕೊಳ್ಳಲು ಒದ್ದಾಡುವ ಗಂಡನ ಕಥೆ ‘ಹಾಲು ಜೇನು’ವನ್ನು 1982ರಲ್ಲಿ ನಮಗೆ ಕೊಟ್ಟವರು ಅವರೇ. 1991ರಲ್ಲಿ ಅವರೇ ತೆಲುಗಿನಲ್ಲಿ ‘ಆದಿತ್ಯ 369’ ಮಾಡಿದರು. ಅದರಲ್ಲಿ ಕಾಲಯಂತ್ರ ಗೋಡೆಯ ಹಿಂದಿಲ್ಲ, ಕಾವಲಿಲ್ಲ. ಹುಡುಗನೊಬ್ಬನ ಕಣ್ಣಿಗೆ ಬೀಳುತ್ತದೆ. ನಾಯಕನ ಜೊತೆಗೆ ನಾಯಕಿಯೂ, ಒಬ್ಬ ಪೊಲೀಸಿನವನೂ ಅದರಲ್ಲಿ ಕೂತು 1526ರ ವಿಜಯನಗರಕ್ಕೆ, ಅಂದರೆ ನಮ್ಮ ಪಕ್ಕದ ಹಂಪೆಗೆ ಹೋಗುತ್ತಾರೆ. ಅಲ್ಲಿಂದ 2504ಕ್ಕೂ ಹೋಗಿಬರುತ್ತಾರೆ. 34 ವರ್ಷಗಳ ನಂತರ, 2025ರ ಏಪ್ರಿಲ್‌ನಲ್ಲಿ, ಅದನ್ನು ಹೊಸದಾಗಿ ಶುದ್ಧಗೊಳಿಸಿ ಮತ್ತೆ ತೆರೆಗೆ ತಂದರು. ಅದರ ಯಂತ್ರ ಈಗ ಆಟಿಕೆಯಂತೆ ಕಂಡರೂ ಜನ ಅದನ್ನು ಬಿಟ್ಟಿಲ್ಲ. ಯಂತ್ರ ಹಳೆಯದಾಗುತ್ತದೆ, ‘ಬಾ, ನೀನೂ ಕೂತುಕೋ’ ಎಂದ ಕರೆ ಹಳೆಯದಾಗುವುದಿಲ್ಲ.

‘ಕಲ್ಕಿ’ಯ ಅಭಿಮಾನವೂ ಅಷ್ಟು ಕಾಲ ಬಾಳುತ್ತದೆಯೇ ಎಂಬುದು ಎರಡನೆಯ ಭಾಗದ ಮೇಲೆ ನಿಂತಿದೆ. 2025ರ ಸೆಪ್ಟೆಂಬರ್‌ನಲ್ಲಿ ನಿರ್ಮಾಪಕರು ಆ ಭಾಗದಲ್ಲಿ ದೀಪಿಕಾ ಇರುವುದಿಲ್ಲವೆಂದು ಪ್ರಕಟಿಸಿದರು. ಅದರ ಹಿಂದುಮುಂದು ಅವರವರ ವ್ಯವಹಾರ, ನಮಗೆ ಸಂಬಂಧಿಸಿದ್ದಲ್ಲ. ಸುಮತಿಯ ಮುಖ ಬದಲಾದರೂ ಚಿಂತೆಯಿಲ್ಲ, ಅವಳ ಮಾತು ಬದಲಾಗಬೇಕು. ಅವಳ ಕೂಸನ್ನು ಕಾಯಲು ದೇವತೆಗಳೂ ವೀರರೂ ಸಾಲುಗಟ್ಟಿದ್ದಾರೆ. ಆ ಸಾಲಿನಲ್ಲಿ ಒಬ್ಬನಾದರೂ ನಿಂತು, ನಮ್ಮ ಪಕ್ಕದ ಮನೆಯ ಅಕ್ಕ ಕೇಳಿದ ಆ ಒಂದು ಮಾತನ್ನು ಅವಳನ್ನೇ ಕೇಳಲಿ. ಉತ್ತರವನ್ನು ಅವಳೇ ಹೇಳಲಿ. ಆಗ ನಮ್ಮ ಬೀದಿಯ ಹೆಂಗಸರೂ ಎರಡನೆಯ ಸಲ ನೋಡುತ್ತಾರೆ.