ಹದ್ದಿನ ಗೂಡಿಗೊಂದು ಕಿಂಡಿ

ಕಾವ್ಯನಾಟಕಗಳ ಗುಣದೋಷಗಳನ್ನು ವಿಚಾರಿಸುವ ಪುಟಗಳಲ್ಲಿ ಹಕ್ಕಿಯ ಗೂಡೊಂದರ ಪ್ರಸ್ತಾವವೇಕೆಂದು ವಾಚಕರು ಕೇಳಬಹುದು. ಆದಿಕಾವ್ಯವು ಹುಟ್ಟಿದುದೇ ಹಕ್ಕಿಗಳನ್ನು ನೋಡುತ್ತ ನಿಂತ ಋಷಿಯೊಬ್ಬನ ಕಣ್ಣಿನಿಂದ ಎಂಬ ಐತಿಹ್ಯವನ್ನು ನೆನೆದರೆ ಈ ಸಂಶಯವು ನಿಲ್ಲಲಾರದು. ತಮಸಾತೀರದಲ್ಲಿ ಕ್ರೌಂಚಮಿಥುನದಲ್ಲೊಂದು ಬೇಡನ ಬಾಣಕ್ಕೆ ಬಿತ್ತು. ವಾಲ್ಮೀಕಿಯ ಶೋಕವು ಶ್ಲೋಕವಾಯಿತು. ಧ್ವನಿಯೇ ಕಾವ್ಯದ ಆತ್ಮವೆಂದು ಸಾಧಿಸಹೊರಟ ಆನಂದವರ್ಧನನೂ ಈ ಪ್ರಸಂಗವನ್ನೇ ನಿದರ್ಶನವಾಗಿ ಹಿಡಿದನು. ಆದಕಾರಣ ಹಕ್ಕಿಯನ್ನು ನೋಡುವುದು ಹೇಗೆ, ನೋಡಿದುದರಿಂದ ಹುಟ್ಟುವ ದುಃಖವು ಯಾವ ಜಾತಿಯದು ಎಂಬ ಪ್ರಶ್ನೆಗಳು ಸಾಹಿತ್ಯವಿಚಾರಕ್ಕೆ ಹೊರಗಿನವಲ್ಲ.

ಈ ಪ್ರಶ್ನೆಗಳು ಈಗ ಮನೆಮನೆಗೂ ಬಂದಿರುವುವು. ಉಡುಪಿ ಮಣಿಪಾಲಗಳ ವಿದ್ಯಾವಂತ ಕುಟುಂಬಗಳಲ್ಲಿ ಹಗಲಿನ ಕೆಲಸ ತೀರಿದ ಮೇಲೆ ಅಂತರ್ಜಾಲದ ಮೂಲಕ ದೂರದೇಶದ ಹದ್ದಿನ ಗೂಡನ್ನು ನೋಡುತ್ತ ಕುಳಿತುಕೊಳ್ಳುವುದು ಅಪೂರ್ವವಲ್ಲ. ಮರದ ತುದಿಯಲ್ಲಿ ಗೂಡಿನ ಮೇಲ್ಗಡೆ ಕ್ಯಾಮೆರಾವೊಂದನ್ನು ನೆಲೆಗೊಳಿಸಿ, ಹಗಲಿರುಳೂ ಅಲ್ಲಿ ನಡೆಯುವುದನ್ನು ನಡೆದಂತೆಯೇ ಲೋಕಕ್ಕೆಲ್ಲ ತೋರಿಸುವ ಏರ್ಪಾಡು ಅದು. ಅಮೆರಿಕದ ಅಯೋವಾ ಪ್ರಾಂತದ ಡೆಕೋರಾ ಊರಿನ ಬೋಳುಹದ್ದುಗಳ ಗೂಡನ್ನು 2011ರಲ್ಲಿ ಜನರು ಕೋಟಿಗಟ್ಟಲೆ ಬಾರಿ ನೋಡಿದರು. ಕ್ಯಾಲಿಫೋರ್ನಿಯದ ಬಿಗ್ ಬೇರ್ ಸರೋವರದ ಬಳಿಯ ದಂಪತಿಗಳಿಗೆ ಜ್ಯಾಕಿ, ಶ್ಯಾಡೋ ಎಂಬ ಹೆಸರುಗಳು ಬಂದಿರುವುವು. ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ, 2000ದ ಒಲಿಂಪಿಕ್ ಪಂದ್ಯಗಳು ನಡೆದ ಸ್ಥಳಕ್ಕೆ ಹೊಂದಿಕೊಂಡು ಪಾರಮಟ್ಟ ನದಿಯ ತಡಿಯಲ್ಲಿರುವ ಕಾಡಿನಲ್ಲಿಯೂ ಇಂತಹ ಗೂಡೊಂದುಂಟು.

ಕರಾವಳಿಯ ವಾಚಕರಿಗೆ ಈ ಮೂರನೆಯದು ವಿಶೇಷವಾಗಿ ಗಮನಾರ್ಹವಾದುದು. ಸಿಡ್ನಿಯ ಗೂಡಿನಲ್ಲಿ ಕಾಣುವ ಪಕ್ಷಿಯು ಪರದೇಶಿಯಲ್ಲ. ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ನಿಂತು ಕಡಲನ್ನು ನೋಡುವವರಿಗೂ, ಮಲ್ಪೆಯಿಂದ ಸೈಂಟ್ ಮೇರಿ ದ್ವೀಪಗಳಿಗೆ ದೋಣಿಯಲ್ಲಿ ಹೋಗುವವರಿಗೂ ಅದೃಷ್ಟವಿದ್ದಾಗ ತಲೆಯ ಮೇಲೆ ಕಾಣಿಸಿಕೊಳ್ಳುವ ಬಿಳಿಹೊಟ್ಟೆಯ ಕಡಲಹದ್ದೇ ಅದು. ತಲೆ, ಎದೆ, ಹೊಟ್ಟೆಗಳು ಬಿಳಿ; ಬೆನ್ನು ಬೂದಿಬಣ್ಣ; ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 2 ಮೀಟರು; ಬಾಲವು ಗಿಡ್ಡವಾಗಿ ಬೆಣೆಯಂತಿರುವುದು. ದೇವಾಲಯಗಳ ಬ್ರಹ್ಮಕಲಶೋತ್ಸವದಂದು ಜನರು ಆಕಾಶದಲ್ಲಿ ಹುಡುಕುವ, ಕಾವಿಬಣ್ಣದ ಬೆನ್ನಿನ ಗರುಡಪಕ್ಷಿಯೇ ಬೇರೆ, ಇದೇ ಬೇರೆ. ಇದು ಅದಕ್ಕಿಂತ ಬಹಳ ದೊಡ್ಡದು. ಮೀನೂ ಕಡಲಹಾವೂ ಇದರ ಆಹಾರ. ಎತ್ತರವಾದ ಮರವೊಂದನ್ನು ಆರಿಸಿ ಕಡ್ಡಿಗಳ ಅಟ್ಟವನ್ನು ಕಟ್ಟಿ, ವರ್ಷವರ್ಷವೂ ಅದನ್ನೇ ಹೆಚ್ಚಿಸಿಕೊಂಡು ಬಾಳುವುದು ಇದರ ರೂಢಿ.

ಈ ನೇರಪ್ರಸಾರಗಳನ್ನು ಮೆಚ್ಚುವವರು ಮುಖ್ಯವಾಗಿ ಹೇಳುವ ಮಾತೊಂದುಂಟು: ಇಲ್ಲಿ ಕವಿಯಿಲ್ಲ, ಸೂತ್ರಧಾರನಿಲ್ಲ, ಬಣ್ಣವಿಲ್ಲ, ಪ್ರಕೃತಿಯು ತಾನಾಗಿ ತನ್ನನ್ನು ತೋರಿಸಿಕೊಳ್ಳುತ್ತದೆ, ಆದಕಾರಣ ಇದು ಕಾವ್ಯಕ್ಕಿಂತಲೂ ಸತ್ಯವಾದುದು ಎಂದು. ಈ ಮಾತನ್ನು ಪರೀಕ್ಷಿಸದೆ ಒಪ್ಪಲಾಗದು. ಕ್ಯಾಮೆರಾವು ಮಾತನಾಡದಿರಬಹುದು, ಆದರೆ ಅದು ಒಂದು ಸ್ಥಳದಲ್ಲಿ ಇರಲೇಬೇಕು. ಅದನ್ನು ಗೂಡಿನ ಮೇಲೆ ಇಟ್ಟವನು ಕಥೆಯ ನಾಯಕರಾರೆಂಬುದನ್ನು ಆಗಲೇ ನಿರ್ಣಯಿಸಿಬಿಟ್ಟನು. ಗೂಡಿಗೆ ಬಂದ ಮೀನು ಎಲ್ಲಿಂದ ಬಂದಿತು, ಯಾವ ನೀರಿನಲ್ಲಿ ಹೇಗೆ ಬದುಕಿತ್ತು ಎಂಬುದು ಆ ಕಣ್ಣಿಗೆ ಬೀಳುವುದಿಲ್ಲ. ಪಕ್ಷಿಗೆ ಎರಡು ಪಕ್ಷಗಳಿದ್ದರೂ ಈ ಪಕ್ಷಿದರ್ಶನಕ್ಕೆ ಒಂದೇ ಪಕ್ಷವುಂಟು.

ಹರ್ಷನ ನಾಗಾನಂದವನ್ನು ಓದಿದವರಿಗೆ ಈ ಭೇದವು ಸ್ಪಷ್ಟವಾಗದಿರದು. ಅಲ್ಲಿಯೂ ಗರುಡನಿಗೆ ಹಸಿವುಂಟು, ಆಹಾರವುಂಟು. ಆದರೆ ಕವಿಯು ಗರುಡನ ಗೂಡಿನಲ್ಲಿ ಕುಳಿತು ನಾಟಕವನ್ನು ಬರೆಯಲಿಲ್ಲ. ಬಲಿಯಾಗಲಿರುವ ಶಂಖಚೂಡನ ಮುದಿತಾಯಿಯ ಅಳುವನ್ನು ಮೊದಲು ಕೇಳಿಸಿ, ಜೀಮೂತವಾಹನನು ತನ್ನ ದೇಹವನ್ನೇ ಒಪ್ಪಿಸುವಂತೆ ಮಾಡಿ, ತಿಂದವನೇ ಪಶ್ಚಾತ್ತಾಪಪಡುವ ಘಟ್ಟಕ್ಕೆ ಕಥೆಯನ್ನು ಮುಟ್ಟಿಸಿದನು. ಆದಿಕವಿಯೂ ಬೇಡನ ಗುಡಿಸಲಿನಲ್ಲಿ ಹಸಿದಿರಬಹುದಾದ ಮಕ್ಕಳನ್ನು ನೋಡಲಿಲ್ಲ; ಬಾಣ ತಾಗಿದ ಹಕ್ಕಿಯ ಕಡೆಗೇ ನಿಂತನು. ಕವಿಯು ಪಕ್ಷವನ್ನು ಹಿಡಿಯುವನು, ಹಿಡಿದಿರುವೆನೆಂದು ತೋರ್ಪಡಿಸುವನು. ಕ್ಯಾಮೆರಾವು ಪಕ್ಷವನ್ನು ಹಿಡಿದೂ ಹಿಡಿಯದಂತೆ ಕಾಣುವುದು. 2016ರ ಏಪ್ರಿಲಿನಲ್ಲಿ ಪಿಟ್ಸ್‌ಬರ್ಗ್ ನಗರದ ಗೂಡೊಂದಕ್ಕೆ ತಂದೆತಾಯಿ ಹದ್ದುಗಳು ಮರಿಗಳಿಗಾಗಿ ಬೆಕ್ಕೊಂದನ್ನು ಹೊತ್ತು ತಂದಾಗ ನೋಡುತ್ತಿದ್ದವರು ಬೆಚ್ಚಿದರು. ಅದುವರೆಗೆ ದಿನದಿನವೂ ಮೀನು ಬಂದಾಗ ಅವರು ಸಂತೋಷಪಟ್ಟಿದ್ದರು. ಹದ್ದು ಬದಲಾಗಿರಲಿಲ್ಲ, ಮನೆಯೊಳಗೆ ಹಾಲು ಕುಡಿಯುವ ಪ್ರಾಣಿಯು ಆಹಾರವಾಗಿ ಬಂದಾಗ ಮಾತ್ರ ತಾವು ಯಾರ ಪಕ್ಷದಲ್ಲಿ ಕುಳಿತಿದ್ದೆವೆಂಬುದು ಅವರಿಗೆ ತಿಳಿದುಬಂತು.

ಎರಡನೆಯ ವಿಚಾರವು ಕಥೆಯ ಕೊನೆಯನ್ನು ಕುರಿತದ್ದು. ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳನ್ನು ಶಾಸ್ತ್ರಕಾರರು ವಿಧಿಸಿರುವರು. ಬಿತ್ತಿದ ಬೀಜವು ಫಲಿಸಲೇಬೇಕು. 2024ರಲ್ಲಿ ಬಿಗ್ ಬೇರಿನ ಗೂಡಿನಲ್ಲಿ ಮೂರು ಮೊಟ್ಟೆಗಳಿದ್ದುವು. ಹಿಮವು ಬೆನ್ನಿನ ಮೇಲೆ ಬಿದ್ದು ಮುಚ್ಚಿದರೂ ತಾಯಿಹಕ್ಕಿಯು ಏಳಲಿಲ್ಲ. ಎರಡು ತಿಂಗಳಿಗೂ ಮೀರಿ ಕಾವು ಕೊಟ್ಟರೂ ಒಂದೂ ಒಡೆಯಲಿಲ್ಲ. ಆ ಮೇಲೆ ಹಕ್ಕಿಗಳು ಸ್ವಲ್ಪಸ್ವಲ್ಪವಾಗಿ ದೂರವಿರತೊಡಗಿದುವು, ಅಷ್ಟೆ. ಗರ್ಭಸಂಧಿಯಲ್ಲಿಯೇ ನಾಟಕವು ನಿಂತುಹೋಯಿತು. ಮಾರನೆಯ ವರ್ಷ ಅದೇ ಗೂಡಿನಲ್ಲಿ ಮೂರು ಮರಿಗಳಾಗಿ, ಮಾರ್ಚಿಯ ಬಿರುಗಾಳಿಯಲ್ಲಿ ಒಂದು ಸತ್ತು, ಎರಡು ಬೆಳೆದು ಹಾರಿಹೋದುವು. ಇದನ್ನು ಹಿಂದಿನ ವರ್ಷದ ದುಃಖಕ್ಕೆ ದೊರೆತ ಫಲವೆಂದು ಹೇಳುವವರುಂಟು. ಆದರೆ ಹಾಗೆ ಹೇಳುವಾಗ ನೋಡುವವನೇ ಕವಿಯಾಗುತ್ತಾನೆ. ಹದ್ದಿಗೆ ಅಂತಹ ಲೆಕ್ಕವಿಲ್ಲ. ಫಲವನ್ನು ಬೇಡದೆ ನೋಡುವುದನ್ನು ಕಲಿಸುವ ಈ ಗುಣವು ನೇರದರ್ಶನಕ್ಕೆ ಮಾತ್ರವೇ ಉಂಟು. ಯಾವ ನಾಟಕಕಾರನೂ ಸಭಿಕರನ್ನು ಎರಡು ತಿಂಗಳು ಕೂರಿಸಿ ಬರಿಗೈಯಲ್ಲಿ ಕಳುಹಿಸಲು ಧೈರ್ಯಗೊಳ್ಳಲಾರನು.

ಮೂರನೆಯ ವಿಚಾರವೇ ಮುಖ್ಯವಾದುದು. ಗೂಡಿನಲ್ಲಿ ಮರಿಯೊಂದು ನರಳುವಾಗ ನೋಡುವವರಿಗೆ ಉಂಟಾಗುವುದು ಕರುಣರಸವೋ, ಬರಿಯ ಶೋಕವೋ? ರಸಾಸ್ವಾದಕ್ಕೆ ಎರಡು ಕಡೆಯಿಂದಲೂ ಅಡ್ಡಿಗಳುಂಟೆಂದು ಭಟ್ಟನಾಯಕ, ಅಭಿನವಗುಪ್ತರು ವಿಚಾರಿಸಿರುವರು. 'ಇದು ಯಾರದೋ, ನಮಗೇನು' ಎಂಬ ತಾಟಸ್ಥ್ಯವು ಒಂದು. 'ಇದು ನನ್ನದೇ' ಎಂಬ ಮಮತ್ವವು ಇನ್ನೊಂದು. ಇವೆರಡೂ ಕರಗಿ ದುಃಖವು ಸರ್ವಸಾಧಾರಣವಾದಾಗ ಮಾತ್ರ ಅದು ರಸವಾಗುವುದು. ಹದ್ದಿನ ಗೂಡನ್ನು ಮೊದಲನೆಯ ದಿನ ನೋಡುವವನಲ್ಲಿ ತಾಟಸ್ಥ್ಯವಿರುವುದು. ಮೂವತ್ತನೆಯ ದಿನಕ್ಕೆ ಮಮತ್ವವು ಬೇರೂರಿರುವುದು. ಇವೆರಡರ ನಡುವಿನ ಸ್ಥಾನದಲ್ಲಿ ನಿಲ್ಲುವುದೇ ಕಷ್ಟ.

2014ರ ಮೇ ತಿಂಗಳಲ್ಲಿ ಮಿನ್ನೆಸೋಟ ಪ್ರಾಂತದಲ್ಲಿ ನಡೆದ ಸಂಗತಿಯು ಇದಕ್ಕೆ ನಿದರ್ಶನ. ಅಲ್ಲಿನ ಸರಕಾರದ ಇಲಾಖೆಯೇ ತೋರಿಸುತ್ತಿದ್ದ ಗೂಡಿನಲ್ಲಿ ಮರಿಯೊಂದು ರೆಕ್ಕೆಗೆ ಏಟಾಗಿ ಏಳಲಾರದೆ ಬಿದ್ದಿತು. ಪ್ರಕೃತಿಯ ಕ್ರಮದಲ್ಲಿ ಕೈಹಾಕಬಾರದೆಂಬುದು ಇಲಾಖೆಯ ನಿಯಮ. ನೋಡುಗರ ಮೊರೆಯು ರಾಜ್ಯಪಾಲರ ಕಚೇರಿಯವರೆಗೆ ಮುಟ್ಟಿತು, ನಿಯಮವು ಸಡಿಲವಾಯಿತು, ಮರಿಯನ್ನು ಇಳಿಸಿ ಚಿಕಿತ್ಸಾಲಯಕ್ಕೆ ಒಯ್ದರು. ಮೂಳೆಯು ಕೂಡಿಸಲಾಗದಂತೆ ಮುರಿದಿತ್ತು. ವೈದ್ಯರು ಅದಕ್ಕೆ ನೋವಿಲ್ಲದ ಮರಣವನ್ನು ಕೊಟ್ಟರು. ಈ ಜನರನ್ನು ನಗುವುದು ಸುಲಭ, ನ್ಯಾಯವಲ್ಲ. ನರಳುವ ಜೀವವನ್ನು ಕಂಡು ಸುಮ್ಮನಿರಲಾರದವನು ರಸಿಕನಲ್ಲದಿರಬಹುದು, ಮನುಷ್ಯನಂತೂ ಹೌದು. ವಾಲ್ಮೀಕಿಯ ಬಾಯಿಂದ ಮೊದಲು ಹೊರಟುದು ಶಾಪವೇ ಹೊರತು ರಸವಿವೇಕವಲ್ಲ. ದೋಷವಿರುವುದು ಆ ಕನಿಕರದಲ್ಲಲ್ಲ. ಕಿಂಡಿಯಲ್ಲಿ ಕಂಡ ಒಂದು ಗೂಡಿಗೆ ಮಾತ್ರ ಕನಿಕರವು ಸೀಮಿತವಾದುದರಲ್ಲಿ. ಆ ವಸಂತದಲ್ಲಿ ಕ್ಯಾಮೆರಾವಿಲ್ಲದ ಎಷ್ಟೋ ಮರಗಳ ಮೇಲೆ ಎಷ್ಟೋ ಮರಿಗಳು ಬಿದ್ದಿರಬೇಕಷ್ಟೆ.

ಮಮತ್ವವನ್ನು ಬೆಳೆಸುವ ಇನ್ನೊಂದು ಅಭ್ಯಾಸವೆಂದರೆ ಹಕ್ಕಿಯ ಬಾಯಲ್ಲಿ ಮಾತನ್ನಿಡುವುದು. ತಾಳಮದ್ದಳೆಯನ್ನು ಬಲ್ಲ ಈ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಜಟಾಯುಮೋಕ್ಷದಲ್ಲಿ ಹಕ್ಕಿಯ ಪಾತ್ರವನ್ನು ವಹಿಸಿದ ಅರ್ಥಧಾರಿಯು ಧರ್ಮಸೂಕ್ಷ್ಮಗಳನ್ನು ನುಡಿಯುವಾಗ, ಅದು ಅರ್ಥಧಾರಿಯ ಮಾತೆಂದು ಸಭೆಗೆ ಗೊತ್ತು. ಹದ್ದಿನ ಗೂಡಿನ ಮುಂದೆ ಮಾತ್ರ ನೋಡುವ ಪ್ರತಿಯೊಬ್ಬನೂ ಅರ್ಥಧಾರಿಯಾಗುವನು. ಆದರೆ ತಾನು ಅರ್ಥ ಹೇಳುತ್ತಿರುವೆನೆಂಬ ಅರಿವಿಲ್ಲ. ಗಂಡು ಬರಲು ತಡವಾದರೆ ಹೆಣ್ಣು ಮುನಿದಿತೆನ್ನುವನು; ಹಿರಿಮರಿ ಕಿರಿಮರಿಯನ್ನು ಕುಕ್ಕಿದರೆ ದಾಯಾದಿಮತ್ಸರವೆನ್ನುವನು. 2018ರಲ್ಲಿ ಡೆಕೋರಾದ ಗಂಡುಹದ್ದು ಕಾಣೆಯಾಗಿ ಹೆಣ್ಣು ಒಂಟಿಯಾಗಿ ಮರಿಗಳನ್ನು ಸಾಕಿದಾಗ ಅದನ್ನು ವಿಧವೆಯ ಕಥೆಯಾಗಿ ಕಂಡವರು, ಬೇರೆ ಗಂಡುಗಳು ಗೂಡಿನ ಬಳಿ ಸುಳಿಯತೊಡಗಿದಾಗ ಕಥೆಯನ್ನು ಹೇಗೆ ಮುಂದುವರಿಸಬೇಕೆಂದು ತಿಳಿಯದೆ ಹೋದರು.

ಇಷ್ಟು ಆಕ್ಷೇಪಣೆಗಳಿದ್ದರೂ ಈ ದರ್ಶನವನ್ನು ಬಿಡಬೇಕೆಂದಲ್ಲ. ಚಕೋರವು ಬೆಳದಿಂಗಳನ್ನುಣ್ಣುವುದು, ಚಾತಕವು ಮಳೆಹನಿಗೆ ಬಾಯ್ದೆರೆಯುವುದು, ಹಂಸವು ಹಾಲುನೀರನ್ನು ಬೇರ್ಪಡಿಸುವುದು ಎಂಬ ಕವಿಸಮಯಗಳಲ್ಲಿಯೇ ಶತಮಾನಗಳ ಕಾಲ ಸಾಹಿತ್ಯದ ಹಕ್ಕಿಗಳು ಬದುಕಿದುವು. ಹದ್ದಿಗಂತೂ ಕ್ರೌರ್ಯದ ಹೊರತು ಬೇರೆ ಗುಣವನ್ನು ಆಡುಮಾತಿನಲ್ಲಿ ಯಾರೂ ಕೊಡಲಿಲ್ಲ. ಸಿಡ್ನಿಯ ಗೂಡನ್ನು ಒಂದು ತಿಂಗಳು ನೋಡಿದವನಿಗೆ, ಹಾವಿನ ಬೆನ್ನನ್ನು ಸೀಳುವ ಕೊಕ್ಕೇ ಅಕ್ಕಿಕಾಳಿನಷ್ಟು ಮಾಂಸವನ್ನು ಬಿಡಿಸಿ ಎಳೆಯ ಬಾಯಿಗೆ ಇಡುವುದು ಕಾಣುವುದು. ಗಂಡುಹೆಣ್ಣುಗಳೆರಡೂ ಸರದಿಯಂತೆ ಸುಮಾರು ಆರು ವಾರ ಕಾವು ಕೊಡುವುದೂ, ಗೂಡಿಗೆ ಹಸುರೆಲೆಗಳನ್ನು ತಂದು ಹಾಸುವುದೂ, ಬಿಸಿಲೇರಿದಾಗ ರೆಕ್ಕೆಯನ್ನು ಕೊಡೆಯಾಗಿ ಹಿಡಿಯುವುದೂ ಕಾಣುವುದು. ಇಡುವುದು ಸಾಮಾನ್ಯವಾಗಿ ಎರಡು ಮೊಟ್ಟೆ. ಬದುಕುವುದು ಹಲವು ಸಲ ಒಂದೇ ಮರಿ. ಈ ಮಮತೆ, ಈ ನಿಷ್ಠುರತೆ ಎರಡೂ ಒಂದೇ ಗೂಡಿನಲ್ಲಿರುವುದನ್ನು ಕಂಡ ಮೇಲೆ 'ಹದ್ದಿನಂತಹವನು' ಎಂಬ ಉಪಮೆಯನ್ನು ಮೊದಲಿನ ಹಗುರದಲ್ಲಿ ಬಳಸಲಾಗದು. ಕವಿಗೂ ವಿಮರ್ಶಕನಿಗೂ ಇದು ಸಣ್ಣ ಲಾಭವಲ್ಲ.

ಉಡುಪಿಯವರಿಗೆ ಕಿಂಡಿಯಲ್ಲಿ ನೋಡುವುದು ಹೊಸದಲ್ಲ. ಕನಕದಾಸರಿಗಾಗಿ ಶ್ರೀಕೃಷ್ಣನು ಪಶ್ಚಿಮಕ್ಕೆ ತಿರುಗಿ ನಿಂತನೆಂದು ಐತಿಹ್ಯ. ಹದ್ದು ಮಾತ್ರ ನೋಡುವವನ ಕಡೆಗೆ ತಿರುಗದು. ನೋಡುವವನು ಇರುವನೆಂದೇ ಅದಕ್ಕೆ ತಿಳಿಯದು. ಇಲ್ಲಿ ತಿರುಗಬೇಕಾದವನು ನೋಡುವವನೇ. ಸಿಡ್ನಿಯ ಮರಿಯು ಅಲ್ಲಿನ ವಸಂತದಲ್ಲಿ, ಅಕ್ಟೋಬರ್ ನವೆಂಬರುಗಳ ಹೊತ್ತಿಗೆ, ಗೂಡನ್ನು ಬಿಟ್ಟು ಹಾರುವುದು. ಕ್ಯಾಮೆರಾದ ಅಂಚನ್ನು ದಾಟಿದ ಮೇಲೆ ಅದನ್ನು ಬೇರೆ ಹಕ್ಕಿಗಳು ಅಟ್ಟಿ ಕಾಡುವುದು, ಅದರ ಬಾಳಿನ ಅತ್ಯಂತ ಅಪಾಯದ ದಿನಗಳು ಕಳೆಯುವುದು ಎಲ್ಲವೂ ಕಣ್ಣಿಗೆ ಮರೆಯೇ. ಆದರೆ ಅದೇ ತಿಂಗಳುಗಳಲ್ಲಿ ಅದೇ ಕುಲದ ಹಕ್ಕಿಗಳಿಗೆ ಈ ಕರಾವಳಿಯಲ್ಲಿ ಗೂಡು ಕಟ್ಟುವ ಕಾಲವು ಆರಂಭವಾಗುವುದು. ಅಲ್ಲಿ ತೆರೆಬಿದ್ದ ಕಥೆಯ ಮುಖಸಂಧಿಯು ಇಲ್ಲಿ ತೊಡಗುವುದು; ಇದಕ್ಕೆ ಯಾವ ಯಂತ್ರವೂ ಬೇಡ.

ಬೇಕಾದುದು ಮರ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ಈ ಜಿಲ್ಲೆಯ ಹಾದಿಯುದ್ದಕ್ಕೂ ಹಳೆಯ ಸಾಲುಮರಗಳು ಉರುಳಿದುವು. ಕಾರ್ಕಳದ ಕಡೆಯ ಗದ್ದೆಬದಿಗಳಿಂದ ಕಾಪುವಿನ ತೀರದವರೆಗೆ ದೊಡ್ಡ ಮರಗಳು ತಲೆಯೆತ್ತಿ ಉಳಿದಿರುವ ಎಡೆಗಳಲ್ಲಿ ನಾಗಬನಗಳು ಮುಖ್ಯವಾದುವು. ಅವುಗಳಲ್ಲಿಯೂ ಎಷ್ಟೋ ಬನಗಳು ಕಾಂಕ್ರೀಟಿನ ಕಟ್ಟೆಗಳಾಗಿರುವುವು. ವರ್ಷವರ್ಷವೂ ಒಂದೇ ಗೂಡಿಗೆ ಮರಳುವ ಹಕ್ಕಿಗೆ ಮರವೊಂದು ಬಿದ್ದರೆ ಮನೆಯೇ ಬಿದ್ದಂತೆ. ಸಿಡ್ನಿಯ ಮರಿಗಾಗಿ ಕಣ್ಣೀರಿಟ್ಟ ಮನೆಯವರು ತಮ್ಮ ಹಿತ್ತಿಲಿನ ಮುದಿಮಾವನ್ನು ಮಾರುವ ಮೊದಲು ತಲೆಯೆತ್ತಿ ಒಮ್ಮೆ ನೋಡಿದರೆ, ಗೂಡಿದ್ದರೆ ಹತ್ತಿರ ಹೋಗದೆ ದೂರದಿಂದಲೇ ನೋಡಿ ಮರವನ್ನು ಉಳಿಸಿಕೊಂಡರೆ, ಆ ಕಿಂಡಿಯಲ್ಲಿ ಕಳೆದ ಸಂಜೆಗಳು ಸಾರ್ಥಕವೆನ್ನಬಹುದು.