ಗಾಜನೂರು ಸೀಮೆಯ ದನಗಳಿಗೆ ಜಂತುಹುಳದ ಮದ್ದು

ದನಕರುಗಳಿಗೆ ವರ್ಷಕ್ಕೆ ಎರಡು ಮೂರು ಸಲ ಜಂತುನಾಶಕ ಹಾಕಬೇಕೆಂಬ ಸಲಹೆ ದಕ್ಷಿಣ ಭಾರತದ ಬಹುತೇಕ ಹಳ್ಳಿಗಳನ್ನು ತಲುಪಿದೆ. ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯೂ, ಅದರೊಳಗಿನ ಕನ್ನಡದ ಊರಾದ ದೊಡ್ಡಗಾಜನೂರೂ ಇದಕ್ಕೆ ಹೊರತಲ್ಲ. ತಮಿಳುನಾಡು ಪಶುಸಂಗೋಪನಾ ಇಲಾಖೆಯ ಶಿಬಿರಗಳಲ್ಲಿ ಲಸಿಕೆಯ ಜೊತೆಗೆ ಹುಳದ ಮದ್ದೂ ಸಿಗುತ್ತದೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆಯೂ ಮಾತ್ರೆ ದೊರೆಯುತ್ತದೆ. ಮದ್ದು ಹಾಕುವ ರೂಢಿ ಬೆಳೆದದ್ದು ಒಳ್ಳೆಯದೇ. ಆದರೆ ಯಾವ ಹುಳಕ್ಕೆ, ಯಾವ ತಿಂಗಳಲ್ಲಿ, ಎಷ್ಟು ತೂಕದ ದನಕ್ಕೆ ಎಂದು ಕೇಳದೆ ಹಾಕಿದ ಮದ್ದು ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಪಿತ್ತಜನಕಾಂಗದ ಚಪ್ಪಟೆ ಹುಳದ ವಿಷಯದಲ್ಲಂತೂ ಈ ಕೊರತೆ ಎದ್ದು ಕಾಣುತ್ತದೆ.

ದಕ್ಷಿಣ ಭಾರತದ ದನಗಳಲ್ಲಿ ಕಾಣುವ ಚಪ್ಪಟೆ ಹುಳ ಫ್ಯಾಸಿಯೋಲಾ ಜೈಗ್ಯಾಂಟಿಕಾ. ಎಲೆಯಾಕಾರದ ಈ ಹುಳ ಏಳು ಸೆಂಟಿಮೀಟರಿನವರೆಗೂ ಬೆಳೆದು ಪಿತ್ತನಾಳಗಳಲ್ಲಿ ನೆಲೆಸುತ್ತದೆ. ಇದರ ಮೊಟ್ಟೆ ಸಗಣಿಯೊಂದಿಗೆ ಹೊರಬಿದ್ದು, ನೀರು ಸಿಕ್ಕರೆ ಎರಡು ಮೂರು ವಾರಗಳಲ್ಲಿ ಒಡೆಯುತ್ತದೆ. ಹೊರಬಂದ ಮರಿ ಲಿಮ್ನಿಯಾ ಕುಲದ ನೀರಿನ ಬಸವನಹುಳದೊಳಗೆ ಹೊಕ್ಕು ಅಲ್ಲಿಯೇ ನೂರಾರು ಪಟ್ಟು ಹೆಚ್ಚುತ್ತದೆ. ಆಮೇಲೆ ಈಜಿ ಬಂದು ನೀರಂಚಿನ ಹುಲ್ಲಿಗೆ ಅಂಟಿ, ಸುತ್ತ ಕೋಶ ಕಟ್ಟಿಕೊಂಡು ಕಾಯುತ್ತದೆ. ಆ ಹುಲ್ಲನ್ನು ದನ ಮೇಯ್ದಾಗ ಮರಿ ಕರುಳನ್ನು ಕೊರೆದು, ಹೊಟ್ಟೆಯ ಪೊಳ್ಳಿನ ಮೂಲಕ ಪಿತ್ತಜನಕಾಂಗಕ್ಕೆ ನುಗ್ಗಿ, ವಾರಗಟ್ಟಲೆ ಅದರ ಮಾಂಸವನ್ನು ಸೀಳುತ್ತಾ ಸಾಗಿ ಪಿತ್ತನಾಳ ಸೇರುತ್ತದೆ. ಹುಲ್ಲಿನಿಂದ ಮೊಟ್ಟೆಯವರೆಗಿನ ಈ ಪಯಣಕ್ಕೆ ಮೂರೂವರೆ ತಿಂಗಳಷ್ಟು ಬೇಕು. ಇದೇ ಕುಲದ ಸೋದರ ಹುಳದ ಜೀವನಚಕ್ರವನ್ನು 1880ರ ದಶಕದ ಮೊದಲಲ್ಲಿ ಜರ್ಮನಿಯ ಲ್ಯೂಕಾರ್ಟ್, ಇಂಗ್ಲೆಂಡಿನ ಥಾಮಸ್ ಬೇರೆಬೇರೆಯಾಗಿ ಬಿಡಿಸಿಟ್ಟರು. ಮದ್ದಿನ ವೇಳೆಯನ್ನು ನಿರ್ಧರಿಸಲು ಬೇಕಾದ ತಿಳಿವಳಿಕೆ ಅಂದಿನಿಂದಲೇ ಇದೆ. ಅದು ಕೊಟ್ಟಿಗೆಯವರೆಗೆ ಇಳಿದು ಬಂದಿಲ್ಲ.

ಕೈಪಿಡಿಗಳು ಸಾಮಾನ್ಯವಾಗಿ ಮುಂಗಾರಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಎಂದು ಹೇಳುತ್ತವೆ. ಈ ಲೆಕ್ಕ ತಾಳವಾಡಿಗೆ ಸರಿಹೊಂದುವುದಿಲ್ಲ. ಪಶ್ಚಿಮ ಘಟ್ಟದ ಮರೆಯಲ್ಲಿರುವ ಈ ಎತ್ತರದ ಬಯಲಿಗೆ, ಪಕ್ಕದ ಚಾಮರಾಜನಗರದಂತೆಯೇ, ಬೇಸಿಗೆ ಕೊನೆಯಲ್ಲಿ ಒಂದಷ್ಟು ಮಳೆ ಬಿದ್ದು, ದೊಡ್ಡ ಮಳೆ ಸೆಪ್ಟೆಂಬರಿನಿಂದ ನವೆಂಬರಿನ ನಡುವೆ ಬರುತ್ತದೆ. ಕೆರೆಕಟ್ಟೆ ತುಂಬಿ, ಬಸವನಹುಳ ಹೆಚ್ಚಿ, ನೀರು ಇಳಿಯತೊಡಗಿದಾಗ ಹಸಿರು ಉಳಿಯುವುದು ಕೆರೆಯಂಗಳದಲ್ಲಿ ಮಾತ್ರ. ದನ ಅಲ್ಲಿಗೇ ಇಳಿಯುತ್ತದೆ. ಸೋಂಕು ಹತ್ತುವ ಕಾಲ ನವೆಂಬರಿನಿಂದ ಫೆಬ್ರವರಿಯವರೆಗೆ ಎಂದಾಯಿತು. ಅಕ್ಟೋಬರಿನಲ್ಲಿ ಕೊಟ್ಟ ಮಾತ್ರೆ ಬರಲಿರುವ ಹುಳವನ್ನು ತಡೆಯಲಾರದು, ಏಕೆಂದರೆ ಈ ಮದ್ದುಗಳಲ್ಲಿ ಹೆಚ್ಚಿನವು ದೇಹದಲ್ಲಿ ಬಹುಕಾಲ ನಿಲ್ಲುವುದಿಲ್ಲ.

ಮದ್ದಿನ ಆಯ್ಕೆಯಲ್ಲಿ ಇನ್ನೂ ದೊಡ್ಡ ತೊಡಕಿದೆ. ಅಗ್ಗವಾಗಿ ಸಿಗುವ ಅಲ್ಬೆಂಡಜೋಲ್ ದುಂಡುಹುಳಕ್ಕೆ ಒಳ್ಳೆಯ ಮದ್ದು. ಚಪ್ಪಟೆ ಹುಳದಲ್ಲಿ ಅದು ಬಲಿತದ್ದನ್ನಷ್ಟೇ, ಅದೂ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ, ಕೊಲ್ಲುತ್ತದೆ. ಐವರ್‌ಮೆಕ್ಟಿನ್ ಚುಚ್ಚುಮದ್ದು ಚಪ್ಪಟೆ ಹುಳವನ್ನು ಮುಟ್ಟುವುದೇ ಇಲ್ಲ. ಆಕ್ಸಿಕ್ಲೋಜನೈಡ್ ಬಲಿತ ಹುಳದ ಮೇಲೆ ನಂಬಬಹುದಾದ ಮದ್ದು, ಎಳೆಯದರ ಮೇಲೆ ಅಲ್ಲ. ಕೆಲವೇ ವಾರಗಳ ಮರಿಯನ್ನೂ ಕೊಲ್ಲುವುದು ಟ್ರೈಕ್ಲಾಬೆಂಡಜೋಲ್ ಒಂದೇ. ಆದ್ದರಿಂದ ತಾಳವಾಡಿಯ ಮಳೆಗೆ ಹೊಂದುವ ಕ್ರಮ ಇದು: ಕರೆಯದ ಹಸು, ಕಡಸುಗಳಿಗೆ ಡಿಸೆಂಬರ್–ಜನವರಿಯಲ್ಲಿ ಟ್ರೈಕ್ಲಾಬೆಂಡಜೋಲ್, ಕರೆಯುವ ಹಸುಗಳಿಗೆ ಹುಳ ಬಲಿಯುವ ಮಾರ್ಚಿನ ಹೊತ್ತಿಗೆ ಆಕ್ಸಿಕ್ಲೋಜನೈಡ್. ಬೇಸಿಗೆ ಮಳೆಗೆ ಮುನ್ನ ಬಲಿತ ಹುಳ ಸತ್ತರೆ ಕೆರೆಗೆ ಮೊಟ್ಟೆ ಸೇರುವುದೂ ಕಡಿಮೆಯಾಗುತ್ತದೆ.

ಪ್ರಮಾಣವನ್ನು ಕಣ್ಣಳತೆಯಲ್ಲಿ ನಿಗದಿ ಮಾಡುವುದು ಈ ಪದ್ಧತಿಯ ಅತಿ ದುಬಾರಿ ತಪ್ಪು. ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು ವರ್ಗ ಮಾಡಿ, ಭುಜದಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಹೆಚ್ಚುಕಡಿಮೆ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 60, ಉದ್ದ 50 ಇಂಚಿರುವ ಹಸು ಸುಮಾರು 273 ಕಿಲೋ ತೂಗುತ್ತದೆ. ದುಂಡುಹುಳಕ್ಕೆ ಕಿಲೋಗೆ 7.5 ಮಿಲಿಗ್ರಾಂ ಲೆಕ್ಕದಲ್ಲಿ ಅದಕ್ಕೆ ಬೇಕಾದ ಅಲ್ಬೆಂಡಜೋಲ್ 2 ಗ್ರಾಂಗೂ ತುಸು ಹೆಚ್ಚು. ಚಪ್ಪಟೆ ಹುಳಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ 2.7 ಗ್ರಾಂ. ಹಸುವಿಗೊಂದು ಎಂದು 1.5 ಗ್ರಾಂ ಮಾತ್ರೆ ನುಂಗಿಸಿದರೆ ಎರಡೂ ಹುಳ ಬದುಕುತ್ತವೆ, ಮದ್ದನ್ನು ತಾಳಿಕೊಂಡವುಗಳ ಸಂತತಿಯೇ ಮುಂದೆ ಹೆಚ್ಚುತ್ತದೆ. ಟ್ರೈಕ್ಲಾಬೆಂಡಜೋಲನ್ನು ತಾಳಿಕೊಳ್ಳುವ ಹುಳ ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲೇ ಕಾಣಿಸಿಕೊಂಡಿತ್ತು.

ಬಲಿತ ದನಗಳು ದುಂಡುಹುಳಕ್ಕೆ ತಕ್ಕಮಟ್ಟಿನ ನಿರೋಧ ಶಕ್ತಿ ಬೆಳೆಸಿಕೊಳ್ಳುತ್ತವೆ. ಚಪ್ಪಟೆ ಹುಳಕ್ಕೆ ಹಾಗಾಗುವುದು ಕಡಿಮೆ. ಈಗಿನ ರೂಢಿ ಇದಕ್ಕೆ ತಿರುವುಮುರುವಾಗಿದೆ: ದುಂಡುಹುಳದ ಮದ್ದು ಅಷ್ಟಾಗಿ ಬೇಕಿಲ್ಲದ ಹಾಲಿನ ಹಸುವಿಗೆ ಅದು ಮತ್ತೆ ಮತ್ತೆ ಸಿಗುತ್ತದೆ, ತೀರ ಬೇಕಾದ ಕರುವಿಗೆ ತಡವಾಗುತ್ತದೆ. ಟಾಕ್ಸೊಕಾರಾ ಎಂಬ ದೊಡ್ಡ ದುಂಡುಹುಳ ತಾಯಿಯ ಹಾಲಿನಿಂದಲೇ ಕರುವಿನ ಹೊಟ್ಟೆ ಸೇರುತ್ತದೆ. ಹುಟ್ಟಿದ ಎರಡನೆಯ ವಾರದಲ್ಲೇ ಪೈಪರಜೀನ್‌ನಂಥ ಮದ್ದು ಕೊಟ್ಟರೆ ಕರು ಉಳಿಯುತ್ತದೆ. ಎಮ್ಮೆ ಸಾಕಿದವರು ಇದನ್ನು ಎಂದೂ ಮರೆಯುವಂತಿಲ್ಲ.

ಬೇವು, ಹಾಗಲ, ಮುತ್ತುಗದ ಬೀಜ, ಬೆಳ್ಳುಳ್ಳಿಗಳನ್ನು ಅರೆದು ಕುಡಿಸುವ ಮನೆಮದ್ದು ಹಳೆಯದು. ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇಂಥ ಮಿಶ್ರಣಗಳನ್ನು ಪ್ರಚಾರ ಮಾಡಿದೆ. ಕರುಳಿನ ಹುಳದ ಮೇಲೆ ಕೆಲವಕ್ಕೆ ಗುಣ ಇರಬಹುದು. ಪಿತ್ತನಾಳದೊಳಗೆ ಕೂತ ಹುಳಕ್ಕೆ ಇವನ್ನೇ ನೆಚ್ಚಿ ಕಾಲ ಕಳೆಯುವುದು ದನಕ್ಕೆ ಅನ್ಯಾಯ. ಬಿದಿರಿನ ಗೊಟ್ಟದಲ್ಲಿ ಮದ್ದು ಹುಯ್ಯುವಾಗ ತಲೆಯನ್ನು ಮೇಲಕ್ಕೆ ಎಳೆದು ಹಿಡಿದರೆ ಅದು ಶ್ವಾಸನಾಳಕ್ಕೆ ಇಳಿದು ಪುಪ್ಪುಸಕ್ಕೆ ಬಾವು ತರುತ್ತದೆ. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೇರಬಾರದು.

ಗದ್ದದ ಕೆಳಗೆ ನೀರು ತುಂಬಿ ಊದಿದರೆ ಚಪ್ಪಟೆ ಹುಳ ಎಂದು ತೀರ್ಮಾನಿಸುವುದುಂಟು. ರಕ್ತ ಹೀರುವ ಹೀಮಾಂಕಸ್ ದುಂಡುಹುಳವೂ ಅದೇ ಊತ ತರುತ್ತದೆ, ಎರಡಕ್ಕೂ ಮದ್ದು ಬೇರೆ. ಬೇರ್ಪಡಿಸಲು ಸುಲಭದ ದಾರಿ ಸಗಣಿ ಪರೀಕ್ಷೆ. ಅದರಲ್ಲೂ ಎಚ್ಚರ ಬೇಕು: ಚಪ್ಪಟೆ ಹುಳದ ಮೊಟ್ಟೆ ಭಾರವಾದದ್ದರಿಂದ ತೇಲಿಸುವ ವಿಧಾನದಲ್ಲಿ ಸಿಗದು, ನೀರಿನ ತಳಕ್ಕೆ ಇಳಿಸುವ ವಿಧಾನವೇ ಆಗಬೇಕು, ಸೋಂಕು ಹತ್ತಿ ಮೂರು ತಿಂಗಳು ತುಂಬುವ ಮೊದಲು ಯಾವ ವಿಧಾನದಲ್ಲೂ ಮೊಟ್ಟೆ ಕಾಣದು. ಸಗಣಿಯ ಮಾದರಿ ಹಿಡಿದು ತಾಳವಾಡಿಯಿಂದ ಈರೋಡಿಗೆ ಹೋಗಲು ದಿಂಬಂ ಘಾಟಿಯ 27 ತಿರುವು ಇಳಿಯಬೇಕು, ಗಡಿಯಾಚೆಯ ಚಾಮರಾಜನಗರವೇ ಹತ್ತಿರ. ಈ ಪರೀಕ್ಷೆಗೆ ಬೇಕಾದದ್ದು ಸಾದಾ ಸೂಕ್ಷ್ಮದರ್ಶಕ, ಜಾಲರಿ, ನೀರು. ತಾಳವಾಡಿಯಲ್ಲೇ ಇದು ನಿತ್ಯ ನಡೆಯುವಂತಾಗಬೇಕು, ಫಲಿತಾಂಶ ಮತ್ತು ಮದ್ದಿನ ಪ್ರಮಾಣ ಕನ್ನಡದಲ್ಲೂ ಬರೆದು ಕೊಡುವಂತಾಗಬೇಕು.

ಮಾತ್ರೆಯಾಚೆಗಿನ ಕೆಲಸ ಕೆರೆಯದು. ತಾಳವಾಡಿಯನ್ನು ಸುತ್ತುವರಿದ ಸತ್ಯಮಂಗಲ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿ ಪ್ರದೇಶಗಳಲ್ಲಿ ದನ ಮೇಯಿಸುವುದನ್ನು ಮದ್ರಾಸ್ ಹೈಕೋರ್ಟ್ 2022ರಲ್ಲಿ ನಿಷೇಧಿಸಿತು. ಕಾಡು ಮುಚ್ಚಿದಷ್ಟೂ ದನಕ್ಕೆ ಕೆರೆಯಂಗಳವೇ ಗತಿ. ಕೆರೆಯೊಳಗೆ ದನ ಮೈತೊಳೆಯುವಾಗ ಬೀಳುವ ಸಗಣಿ ನೇರ ಬಸವನಹುಳದ ನೆಲೆಗೆ ಹೋಗುತ್ತದೆ. ಕುಡಿಯಲು ತೊಟ್ಟಿ ಕಟ್ಟಿಸುವುದು, ಬಾತುಕೋಳಿ ಬಿಡುವುದು, ಕೆರೆಯಂಚಿನ ಹುಲ್ಲನ್ನು ಕೊಯ್ದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹಾಕುವುದು ಕೈಗೆಟಕುವ ಕ್ರಮಗಳು. ಮೈಲುತುತ್ತ ಬಸವನಹುಳವನ್ನು ಕೊಲ್ಲುತ್ತದೆ ನಿಜ, ಮೀನನ್ನೂ ಕೊಲ್ಲುತ್ತದೆ. ಕೆರೆಗೆ ಅದು ಬೇಡ. ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ ಮಿಶ್ರತಳಿ ಹಸುವಿಗೂ ಹಸಿ ಹುಲ್ಲಿನ ಹೊರೆಯ ಜೊತೆ ಸೋಂಕು ಮನೆಗೆ ಬರುತ್ತದೆ.

ಹಾಲಿನ ವಿಷಯ ಡೇರಿಗೆ ಹಾಕುವ ಪ್ರತಿ ಮನೆಗೂ ಸಂಬಂಧಿಸಿದ್ದು. ಮದ್ದು ಹಾಕಿದ ಮೇಲೆ ಪೊಟ್ಟಣದಲ್ಲಿ ಹೇಳಿದಷ್ಟು ದಿನ ಹಾಲನ್ನು ಮಾರಬಾರದು, ಮಕ್ಕಳಿಗೂ ಕೊಡಬಾರದು. ಕರೆಯುವ ಹಸುವಿಗೆ ಐವರ್‌ಮೆಕ್ಟಿನ್ ಚುಚ್ಚಲೇಬಾರದು. ಗಬ್ಬದ ಮೊದಲ ಒಂದೂವರೆ ತಿಂಗಳು ಅಲ್ಬೆಂಡಜೋಲ್ ಕೂಡದು, ಹೊಟ್ಟೆಯಲ್ಲಿರುವ ಕರು ಊನವಾದೀತು. ದುಂಡುಹುಳದ ಮದ್ದಾದರೆ ಎರಡು ವಾರ, ಚಪ್ಪಟೆ ಹುಳದ್ದಾದರೆ ಮೂರು ವಾರ ಕಳೆದ ಮೇಲೆ ಅದೇ ದನದ ಸಗಣಿಯನ್ನು ಮತ್ತೆ ಪರೀಕ್ಷಿಸಬೇಕು. ಸರಿಯಾದ ತೂಕಕ್ಕೆ ಕೊಟ್ಟಿದ್ದೂ ಮೊಟ್ಟೆ ಉಳಿದಿದ್ದರೆ ಆ ಮದ್ದಿನ ಗುಂಪನ್ನೇ ಬದಲಿಸಬೇಕು, ಅದೇ ಮಾತ್ರೆಯನ್ನು ಹೆಚ್ಚು ಬಾರಿ ಹಾಕುವುದಲ್ಲ.