ಮೂಲ ಪಾಠದ ಹಂಬಲ: ಬೀದರ್ ಸೀಮೆಯ ಹಳೆಯ ಮನೆಗಳ ಜೀರ್ಣೋದ್ಧಾರವನ್ನು ಕುರಿತು

ಜಾನಪದ ಅಧ್ಯಯನವು ತನ್ನ ಆರಂಭದ ದಿನಗಳಲ್ಲಿ ಮೂಲ ಪಾಠವೊಂದರ ಹಂಬಲದಿಂದ ನಡೆದ ಶಿಸ್ತು. ಒಂದು ಕಥನಗೀತೆಗೆ ಹತ್ತು ಪಾಠಗಳು ದೊರೆತರೆ ಅವುಗಳಲ್ಲಿ ಹಳೆಯದು ಯಾವುದು, ಶುದ್ಧವಾದುದು ಯಾವುದು, ಕೆಟ್ಟುಹೋದದ್ದು ಯಾವುದು ಎಂದು ವಿಂಗಡಿಸಿ, ಎಲ್ಲಕ್ಕೂ ತಾಯಿಯಾದ ಒಂದು ಪಾಠವನ್ನು ಪುನಾರಚಿಸಿಕೊಡುವುದೇ ಸಂಶೋಧನೆಯ ಗುರಿ ಎಂದು ಫಿನ್ಲೆಂಡಿನ ವಿದ್ವಾಂಸರು ನಂಬಿದ್ದರು. ನಮ್ಮಲ್ಲಿಯೂ ಆ ನಂಬಿಕೆ ಬಹುಕಾಲ ಉಳಿದಿತ್ತು. ‘ಕೆರೆಗೆ ಹಾರ’ದಂತಹ ಗೀತೆಯನ್ನು ಹಾಡುವ ಹೆಣ್ಣುಮಗಳಿಗೆ ತನ್ನ ಪಾಠವೇ ಪೂರ್ಣಪಾಠವೆಂಬುದನ್ನು ನಾವು ತಡವಾಗಿ ಒಪ್ಪಿಕೊಂಡೆವು. ಎ.ಕೆ. ರಾಮಾನುಜನ್ ಅವರು 1991ರಲ್ಲಿ ಪ್ರಕಟವಾದ ರಾಮಾಯಣಗಳನ್ನು ಕುರಿತ ಪ್ರಬಂಧದಲ್ಲಿ, ಪಾಠಾಂತರ ಎಂಬ ಪದವೇ ಒಂದು ಮೂಲವನ್ನು ಊಹಿಸಿಕೊಳ್ಳುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ಒಂದು ಹೇಳಿಕೆಯೆಂದು ಕರೆಯುವುದೇ ಲೇಸೆಂಬ ನಿಲುವಿಗೆ ಬಂದರು. ಇಂದು ಜಾನಪದದ ಯಾವ ವಿದ್ಯಾರ್ಥಿಯೂ ಮೂಲ ಪಾಠವನ್ನು ಹುಡುಕಿ ಕ್ಷೇತ್ರಕಾರ್ಯಕ್ಕೆ ಹೊರಡುವುದಿಲ್ಲ.

ನಾವು ಬಿಟ್ಟುಕೊಟ್ಟ ಈ ಹಂಬಲವು ಈಗ ಹಳೆಯ ಕಟ್ಟಡಗಳ ಜೀರ್ಣೋದ್ಧಾರದಲ್ಲಿ ನೆಲೆಸಿದೆ ಎಂಬುದು ಪ್ರಸ್ತುತ ಪ್ರಬಂಧದ ವಾದ. ಬೀದರ್ ನಗರದ ಹಳೆಯ ಊರಿನಲ್ಲಿ, ಹಲವು ತಲೆಮಾರುಗಳಿಂದ ಬದಲಾಗುತ್ತ ಬಂದ ಒಂದು ಮನೆಯನ್ನು ಕೆಳಗೆ ಅಂಗಡಿ, ಮೇಲೆ ಬಾಡಿಗೆಯ ವಾಸದ ಮನೆಗಳಿರುವಂತೆ ಸರಿಪಡಿಸುವ ಯತ್ನವನ್ನು ಸಮೀಪದಿಂದ ನೋಡುವ ಅವಕಾಶ ನನಗೆ ದೊರೆಯಿತು. ಕುಟುಂಬದ ಕೋರಿಕೆಯಂತೆ ಹೆಸರು, ಗಲ್ಲಿಗಳನ್ನು ಇಲ್ಲಿ ಕೊಟ್ಟಿಲ್ಲ. ಚೌಬಾರದಿಂದ ಮಹಮೂದ್ ಗವಾನ್ ಮದರಸಾದ ಕಡೆಗೆ ಹೋಗುವ ದಾರಿಯ ಆಸುಪಾಸಿನ ಮನೆ ಎಂದಷ್ಟೇ ಹೇಳಬಹುದು.

ಈ ದಾರಿಯ ವಿದ್ವತ್ ಚರಿತ್ರೆ ಬಹುಮಟ್ಟಿಗೆ ಗುಲಾಂ ಯಜ್ದಾನಿಯವರ ಗ್ರಂಥದಿಂದ ಆರಂಭವಾಗುತ್ತದೆ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಅವರ ಬೀದರ್ ಕುರಿತ ಬೃಹತ್ ಕೃತಿ 1947ರಲ್ಲಿ ಪ್ರಕಟವಾಯಿತು. ಕೋಟೆ, ಅರಮನೆ, ಗೋರಿ, ಖಾನ್‌ಖಾ, ಸುಮಾರು 71 ಅಡಿ ಎತ್ತರದ ಚೌಬಾರ ಇವೆಲ್ಲವನ್ನೂ ಅಳೆದು, ಓದಿ, ಚಿತ್ರಿಸಿದ ಆ ಕೃತಿಯ ಋಣ ನಮ್ಮೆಲ್ಲರ ಮೇಲಿದೆ. ಊರಿನ ತಾಲೀಮುಗಳನ್ನೂ ಅವರು ಕೈಬಿಡಲಿಲ್ಲವೆಂಬುದು ಜಾನಪದ ವಿದ್ಯಾರ್ಥಿಗೆ ಸಂತೋಷದ ಸಂಗತಿ. ಆದರೂ ಆ ಗ್ರಂಥದಲ್ಲಿ ಬೀದಿ ಎಂಬುದು ಒಂದು ಸ್ಮಾರಕದಿಂದ ಇನ್ನೊಂದಕ್ಕೆ ನಡೆದುಹೋಗುವ ಹಾದಿ. ಹಾದಿಯ ಎರಡೂ ಬದಿಯಲ್ಲಿ ವ್ಯಾಪಾರ ಮಾಡಿ ಅಲ್ಲಿಯೇ ಮೇಲೆ ಮಲಗುವ ಜನರ ಮನೆಗಳಿಗೆ ಅಲ್ಲಿ ಅಧ್ಯಾಯವಿಲ್ಲ. ಆನಂತರ ಬಂದ ಬರವಣಿಗೆಯೂ ಇದೇ ಹಾದಿಯಲ್ಲಿ ನಡೆಯಿತು. 2014ರಲ್ಲಿ ಬೀದರ್ ಐತಿಹಾಸಿಕ ನಗರವು ವಿಶ್ವ ಸ್ಮಾರಕ ನಿಧಿಯ ಗಮನಪಟ್ಟಿಗೆ ಸೇರಿದಾಗ, ಅದೇ ವರ್ಷ ದಖನ್ ಸುಲ್ತಾನರ ಸ್ಮಾರಕಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಬಂದಾಗ, ನಗರ ಎಂಬ ಮಾತು ಕೇಳಿಬಂತು ನಿಜ. ಮನೆ ಎಂಬ ಮಾತು ಕೇಳಿಬರಲಿಲ್ಲ.

ಆ ಮನೆಯ ವಿಚಾರಕ್ಕೆ ಬರೋಣ. ಜಂಬಿಟ್ಟಿಗೆಯ ದಪ್ಪ ಗೋಡೆ, ಗಾರೆಗಚ್ಚಿನ ಗಿಲಾವು, ಬೀದಿಗೆ ಮೂರು ಕಮಾನು. ಮಧ್ಯದ ಕಮಾನಿನ ಒಳಗೆ ದೇವಡಿ, ಅದನ್ನು ದಾಟಿದರೆ ಫರಸಿ ಹಾಸಿದ ಅಂಗಳ, ಅದರ ಒಂದು ಮಗ್ಗುಲಿಗೆ ದಿವಾನಖಾನೆ, ಎದುರಿಗೆ ಪಡಸಾಲೆ, ಗೋಡೆಗಳಲ್ಲಿ ತಾಕು, ಅಡುಗೆಮನೆಯ ಮಾಳಿಗೆಯಲ್ಲಿ ಬೆಳಕಿಂಡಿ. ಈ ಪದಗಳನ್ನು ಮನೆಯವರು ಹೇಳಿದ ಕ್ರಮದಲ್ಲಿಯೇ ಕೊಟ್ಟಿದ್ದೇನೆ. ಉರ್ದು, ಕನ್ನಡ, ಮರಾಠಿಗಳು ಒಂದೇ ಸೂರಿನಡಿ ಇರುವುದನ್ನು ಗಮನಿಸಬೇಕು. ಒಂದು ಕಮಾನು ಅಂಗಡಿಯಾಗಿ ಕಬ್ಬಿಣದ ಶಟರ್ ಕಂಡಿದೆ, ಇನ್ನೊಂದನ್ನು ಇಟ್ಟಿಗೆಯಿಂದ ಮುಚ್ಚಿ ಕೋಣೆ ಮಾಡಲಾಗಿದೆ. ಅಂಗಳದ ನಡುವೆ ಆಳೆತ್ತರದ ಗೋಡೆಯೊಂದು ಬಂದಿದೆ. ಮಾಳಿಗೆಯ ಅರ್ಧಭಾಗ ತೆಗೆದು ಸಿಮೆಂಟಿನ ಚಾವಣಿ ಹಾಕಲಾಗಿದೆ.

ಜೀರ್ಣೋದ್ಧಾರಕ್ಕೆ ಬಂದ ತಜ್ಞರ ಮೊದಲ ನಕ್ಷೆಯಲ್ಲಿ ಇವೆಲ್ಲವೂ ಕೆಂಪು ಗೆರೆಯಲ್ಲಿದ್ದವು, ಅಂದರೆ ತೆಗೆದುಹಾಕತಕ್ಕವು. ಶಟರ್ ಹೋಗಬೇಕು, ಗೋಡೆ ಹೋಗಬೇಕು, ಮೂರೂ ಕಮಾನು ಮೊದಲಿನಂತೆ ತೆರೆಯಬೇಕು. ನಕ್ಷೆಯನ್ನು ನೋಡಿದ ಮನೆಯ ಹಿರಿಯ ಹೆಣ್ಣುಮಗಳು ಕೇಳಿದ ಪ್ರಶ್ನೆಯನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ: “ಯಾರ ಕಾಲದ ಮನಿ ತಿರುಗಿ ತರ್ತೀರಿ ನೀವು? ನಮ್ಮತ್ತಿ ಕಾಲದ್ದೋ, ನನ್ನ ಕಾಲದ್ದೋ?” ಪಾಠನಿರ್ಣಯದ ಕುರಿತು ನಾವು ಗೋಷ್ಠಿಗಳಲ್ಲಿ ಆಡಿದ ಮಾತುಗಳೆಲ್ಲ ಈ ಒಂದು ಪ್ರಶ್ನೆಯಲ್ಲಿವೆ.

ಮಾರ್ಪಾಡು ಎಂಬುದು ಅಜ್ಞಾನದಿಂದ ಆದ ಕೇಡು ಎಂಬ ಗ್ರಹಿಕೆಯೇ ಇಲ್ಲಿನ ತೊಡಕು. ಈ ಸೀಮೆಯ ಮನೆಗಳ ಒಂದೊಂದು ಮಾರ್ಪಾಡಿಗೂ ಒಂದು ಕಾರಣವಿದೆ, ಅನೇಕ ವೇಳೆ ಒಂದು ಇಸವಿಯೂ ಇದೆ. 1948ರ ಪೊಲೀಸ್ ಕಾರ್ಯಾಚರಣೆ ಮತ್ತು ಅದರ ಬೆನ್ನಿಗೆ ನಡೆದ ಹಿಂಸೆಯಲ್ಲಿ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬೀದರ್ ಒಂದು. ಮನೆಗಳು ಕೈಬದಲಾದವು, ಕೆಲವು ಬೀಗ ಬಿದ್ದೇ ಉಳಿದವು. 1949ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಜಾಗೀರು ರದ್ದಾಯಿತು. ಹಳ್ಳಿಯ ಉತ್ಪನ್ನದ ಮೇಲೆ ನಿಂತಿದ್ದ ದೊಡ್ಡ ಮನೆಗಳಿಗೆ ಬೀದಿಯ ಬಾಡಿಗೆಯೇ ಅನ್ನವಾಯಿತು. ಬೀದಿಗೆ ಮುಖಮಾಡಿದ ಕಮಾನು ಅಂಗಡಿಯಾದದ್ದು ಹೀಗೆ. ಅಂಗಳದ ಗೋಡೆ ಅಣ್ಣತಮ್ಮಂದಿರ ಪಾಲಿನ ಗೋಡೆಯೆಂದು ಮನೆಯವರು ಹೇಳಿದರು. ಆ ಗೋಡೆಯ ಆಚೆ ಈಚೆ ನಿಂತು ಎರಡು ಮನೆಯ ಹೆಂಗಸರು ರೊಟ್ಟಿ, ಹಿಂಡಿಪಲ್ಲೆ ಕೊಟ್ಟು ತೆಗೆದುಕೊಂಡ ಸಣ್ಣ ಕಿಂಡಿಯೂ ಅದರಲ್ಲಿದೆ. ತಜ್ಞರ ನಕ್ಷೆಯಲ್ಲಿ ಕಿಂಡಿ ನಮೂದಾಗಿಲ್ಲ.

ಸಂರಕ್ಷಣಾ ಶಾಸ್ತ್ರವು ಇದನ್ನು ತಿಳಿಯದ್ದೇನಲ್ಲ. ಜಾನ್ ಮಾರ್ಷಲ್ ಅವರ 1923ರ ಸಂರಕ್ಷಣಾ ಕೈಪಿಡಿ ಹೊಸದಾಗಿ ಕಟ್ಟಿ ಹಳೆಯದೆಂದು ತೋರಿಸುವ ಉತ್ಸಾಹದ ವಿರುದ್ಧ ಎಚ್ಚರಿಸಿತ್ತು. 1964ರ ವೆನಿಸ್ ಸನ್ನದು ಕಟ್ಟಡವೊಂದಕ್ಕೆ ಎಲ್ಲ ಕಾಲಗಳೂ ನೀಡಿದ ಸಾರ್ಥಕ ಕೊಡುಗೆಯನ್ನು ಗೌರವಿಸಬೇಕೆಂದೂ, ಊಹೆ ಆರಂಭವಾಗುವಲ್ಲಿ ಪುನಾರಚನೆ ನಿಲ್ಲಬೇಕೆಂದೂ ಹೇಳುತ್ತದೆ. ಸ್ವತಃ ಮದರಸಾವೇ ಇದಕ್ಕೆ ಸಾಕ್ಷಿ. 1472ರಲ್ಲಿ ನಿರ್ಮಾಣವಾದ, ಬೋಧಕರ ಮತ್ತು ವಿದ್ಯಾರ್ಥಿಗಳ ವಾಸಕ್ಕೂ ಏರ್ಪಾಡಿದ್ದ ಆ ಮೂರಂತಸ್ತಿನ ಕಟ್ಟಡವು ಮೊಘಲರ ಕಾಲದಲ್ಲಿ ಸೈನ್ಯದ ವಸತಿಯೂ ಮದ್ದಿನಮನೆಯೂ ಆಗಿ, 1696ರ ಸ್ಫೋಟದಲ್ಲಿ ತನ್ನ ಎರಡು ಮಿನಾರುಗಳಲ್ಲಿ ಒಂದನ್ನೂ ಮುಂಭಾಗದ ಬಹುಪಾಲನ್ನೂ ಕಳೆದುಕೊಂಡಿತು. ಕಳೆದುಹೋದ ಮಿನಾರನ್ನು ಮತ್ತೆ ಕಟ್ಟಬೇಕೆಂದು ಯಾವ ಜವಾಬ್ದಾರಿಯುತ ವಿದ್ವಾಂಸನೂ ಹೇಳುವುದಿಲ್ಲ. ಮದರಸಾಕ್ಕೆ ಸಲ್ಲುವ ಈ ವಿವೇಕ ಅದರ ನೆರೆಯ ಮನೆಗೆ ಏಕೆ ಸಲ್ಲಬಾರದು?

ಕಾನೂನಿನ ಮಾತನ್ನೂ ಇಲ್ಲಿ ಆಡಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಮಹತ್ವದ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ; 1992ರ ಜೂನ್ 16ಕ್ಕೆ ಮೊದಲಿದ್ದ ಕಟ್ಟಡಗಳ ದುರಸ್ತಿ, ನವೀಕರಣಗಳಿಗೆ ಅನುಮತಿ ಪಡೆಯಬೇಕು. ಸ್ಮಾರಕದ ದೃಷ್ಟಿಯಿಂದ ಇದು ಬೇಕಾದ ಕಟ್ಟುಪಾಡು. ಮನೆಯ ದೃಷ್ಟಿಯಿಂದ ನೋಡಿದರೆ, ಇನ್ನೂರು ವರ್ಷದ ಗೋಡೆಗೂ 1991ರ ಸಿಮೆಂಟಿನ ಕೋಣೆಗೂ ಅಲ್ಲಿ ಭೇದವಿಲ್ಲ. ಅನುಮತಿಯ ಓಡಾಟಕ್ಕೆ ಅಂಜಿದವರು ಮಳೆಗಾಲಕ್ಕೊಂದು ತಾಡಪತ್ರಿ ಹೊದಿಸಿ ಸುಮ್ಮನಾಗುತ್ತಾರೆ. ಗೋಡೆ ತಾನಾಗಿ ಬಿದ್ದ ಮೇಲೆ ದುರಸ್ತಿಯ ಪ್ರಶ್ನೆಯೇ ಉಳಿಯುವುದಿಲ್ಲ.

ಬೀದರ್ ನಗರವನ್ನು ಬಿಟ್ಟು ಭಾಲ್ಕಿ, ಔರಾದಗಳ ಕಡೆಗೆ ಹೋದರೆ ಈ ಕಟ್ಟುಪಾಡೂ ಇಲ್ಲ, ಗಮನವೂ ಇಲ್ಲ. ಭಾಲ್ಕಿಯ ಪೇಟೆಯಲ್ಲಿ ಕೆಳಗೆ ಅಡತಿ ಅಂಗಡಿ, ಮೇಲೆ ಮನೆ ಇರುವ ಹಳೆಯ ಕಟ್ಟಡಗಳು, ಔರಾದದಲ್ಲಿ ಅಮರೇಶ್ವರ ಗುಡಿಯ ಸುತ್ತಲ ಕಲ್ಲುಮಣ್ಣಿನ ಮನೆಗಳು ಯಾವ ಪಟ್ಟಿಯಲ್ಲಿಯೂ ಇಲ್ಲ. ಅಲ್ಲಿನ ಮಾರ್ಪಾಡುಗಳನ್ನು ಓದುವಾಗ ಇನ್ನೊಂದು ಇಸವಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ಅವರನ್ನು ಕೊಂದದ್ದು ಬಹುಪಾಲು ಅವರ ಮನೆಗಳೇ: ಮಣ್ಣಿನಲ್ಲಿ ಕಟ್ಟಿದ, ಎರಡು ಮುಖಗಳನ್ನು ಬೆಸೆಯುವ ಕಟ್ಟುಗಲ್ಲುಗಳಿಲ್ಲದ ದಪ್ಪ ಗೋಡೆ, ಅದರ ಮೇಲೆ ವರ್ಷವರ್ಷವೂ ಮಣ್ಣು ಏರಿಸುತ್ತ ಬಂದ ಭಾರವಾದ ಮಾಳಿಗೆ. ಕಂಪನ ಬೀದರ್ ಜಿಲ್ಲೆಗೂ ಮುಟ್ಟಿತು. ತಿಂಗಳುಗಟ್ಟಲೆ ಅಂಗಳದಲ್ಲಿ ಮಲಗಿದ್ದನ್ನು ಭಾಲ್ಕಿ ಸೀಮೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಆಮೇಲೆ ಎಷ್ಟೋ ಮನೆಗಳ ಮಾಳಿಗೆ ಇಳಿದು ತಗಡು ಬಂತು.

ತಗಡು ಕುರೂಪ ಎಂಬುದರಲ್ಲಿ ಎರಡು ಮಾತಿಲ್ಲ. ಬೇಸಿಗೆಯಲ್ಲಿ ಅದರ ಕೆಳಗೆ ಕುಳಿತವರಿಗೆ ಬೇರೆ ವಿಶೇಷಣಗಳೂ ತೋಚುತ್ತವೆ. ಆದರೆ ಆ ತಗಡು ಒಂದು ಸಾವಿನ ನೆನಪು. ‘ಮೂಲ ರೂಪಕ್ಕೆ ತರುತ್ತೇವೆ’ ಎಂದು ಮಣ್ಣಿನ ಮಾಳಿಗೆಯನ್ನು ಇದ್ದ ಭಾರದಲ್ಲಿಯೇ ಮತ್ತೆ ಏರಿಸುವವರು ಆ ನೆನಪನ್ನು ಅಳಿಸಿ ಅಪಾಯವನ್ನು ಮರಳಿ ತರುತ್ತಾರೆ. ಗೋಡೆಗೆ ಕಟ್ಟುಗಲ್ಲು ಕೂಡಿಸುವುದು, ಮಾಳಿಗೆಯ ಮಣ್ಣನ್ನು ತೆಳುಮಾಡುವುದು, ಮೂಲೆಗಳನ್ನು ಬಿಗಿಯುವುದು ಮುಂತಾದ ಬಲವರ್ಧನೆಯ ಕ್ರಮಗಳನ್ನು ಕಿಲ್ಲಾರಿಯ ನಂತರ ಈ ಪ್ರದೇಶದಲ್ಲಿಯೇ ಪ್ರಯೋಗಿಸಲಾಗಿದೆ. ಜೀರ್ಣೋದ್ಧಾರವೆಂದರೆ ಅದನ್ನೂ ಒಳಗೊಂಡ ಹೊಸ ಹೇಳಿಕೆಯಾಗಬೇಕು.

ಹಾಗಾದರೆ ಎಲ್ಲ ಮಾರ್ಪಾಡೂ ಒಪ್ಪಿತವೇ ಎಂಬ ಆಕ್ಷೇಪ ನ್ಯಾಯವಾದುದು. ಮಾರ್ಪಾಡುಗಳನ್ನೆಲ್ಲ ಜನಪದರ ಸೃಜನಶೀಲತೆಯೆಂದು ಕೊಂಡಾಡುವುದು ನಮ್ಮ ಶಿಸ್ತಿನ ಹಳೆಯ ಚಪಲ. ಜಂಬಿಟ್ಟಿಗೆಯು ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಗಟ್ಟಿಯಾಗುವ, ಸೂಕ್ಷ್ಮ ರಂಧ್ರಗಳ ಕಲ್ಲು. ನೀರನ್ನು ಹೀರಿ ಬಿಡುವುದು ಅದರ ಗುಣ. ಸುಣ್ಣದ ಗಾರೆ ಈ ಉಸಿರಾಟಕ್ಕೆ ಎಡೆಗೊಡುತ್ತದೆ. ಸಿಮೆಂಟಿನ ಗಿಲಾವು ಎಡೆಗೊಡುವುದಿಲ್ಲ. ತೇವ ಒಳಗೇ ನಿಂತು, ಲವಣ ಕಟ್ಟಿ, ಕೆಲವು ವರ್ಷಗಳಲ್ಲಿ ಗಿಲಾವಿನ ಜೊತೆಗೆ ಕಲ್ಲಿನ ಮುಖವೂ ಉದುರುತ್ತದೆ. ನಾನು ನೋಡಿದ ಮನೆಯಲ್ಲಿ ಬಿದ್ದದ್ದು ಸಿಮೆಂಟು ಬಳಿದ ಗೋಡೆ. ಹಳೆಯ ಗಚ್ಚಿನ ಗೋಡೆ ನಿಂತಿತ್ತು. ಹಾಡುವವಳು ಹೆಸರು ಬದಲಿಸಿದರೆ, ಮುಕ್ತಾಯ ಬದಲಿಸಿದರೆ ಗೀತೆ ಮುಂದಿನ ಬಾಯಿಗೆ ಹೋಗುತ್ತದೆ. ಶಟರ್ ಹಾಕಿದ ಕಮಾನು ಅಂತಹುದು, ನಾಳೆ ಅದನ್ನು ತೆಗೆಯಬಹುದು. ಸಿಮೆಂಟಿನ ಗಿಲಾವು ಮುಂದಿನವರಿಗೆ ಗೋಡೆಯನ್ನೇ ಉಳಿಸುವುದಿಲ್ಲ. ನಕ್ಷೆಯ ಕೆಂಪು ಗೆರೆಯನ್ನು ಎಳೆಯುವ ಮೊದಲು ಈ ವಿವೇಚನೆ ನಡೆಯಬೇಕಿತ್ತು.

ಕೆಳಗೆ ಅಂಗಡಿ, ಮೇಲೆ ವಾಸ ಎಂಬ ಬಳಕೆಯೂ ಹೊಸ ಕಾಲದ ವಾಣಿಜ್ಯಬುದ್ಧಿಯೆಂದು ಹಳಿಯಬೇಕಾದದ್ದಲ್ಲ. 1908ರ ಮೂಸಿ ಪ್ರವಾಹದ ನಂತರ ನಗರ ಸುಧಾರಣಾ ಮಂಡಳಿ ಹೈದರಾಬಾದಿನ ಚಾರ್ಮಿನಾರಿನ ಬಳಿ ಕಟ್ಟಿದ ಪತ್ಥರ್‌ಗಟ್ಟಿಯ ಕಲ್ಲುಕಮಾನುಗಳ ಸಾಲು ಇದೇ ಏರ್ಪಾಡಿನದು. ಬೀದರ್ ಆಗ ಅದೇ ಸಂಸ್ಥಾನದ ಜಿಲ್ಲೆ. ಬಳಕೆ ನಿಂತು, ವಾದ ಉಳಿದರೆ ಏನಾಗುತ್ತದೆಂಬುದಕ್ಕೆ ಮೈಸೂರಿನ ಉದಾಹರಣೆ ಇದೆ. ಅಲ್ಲಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ದುರಸ್ತಿಯೋ ಎಂಬ ವಾದ ನ್ಯಾಯಾಲಯದವರೆಗೆ ಹೋಗಿ ವರ್ಷಗಟ್ಟಲೆ ನಡೆಯಿತು. ಅಂಗಡಿಕಾರರು ಆ ವರ್ಷಗಳನ್ನೆಲ್ಲ ಎಣಿಸುತ್ತ ಕಳೆದರು.

ಬೀದರಿನಲ್ಲಿ ಅಂಗಡಿ ಮತ್ತು ಮನೆಯ ಈ ಹೊಂದಿಕೆಗೆ ಬಿದ್ರಿ ಕಸುಬು ಅತ್ಯುತ್ತಮ ನಿದರ್ಶನ. ಚೌಬಾರದ ಬೀದಿಯಲ್ಲಿ ಮುಂದೆ ಮಾರಾಟ, ಹಿಂದೆ ಕೆತ್ತನೆ. ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿಯ ತಂತಿ ಕೂಡಿಸಿದ ಮೇಲೆ ಅದನ್ನು ಕಪ್ಪಾಗಿಸಲು ಬೇಕಾದದ್ದು ಕೋಟೆಯ ಹಳೆಯ ಕಟ್ಟಡಗಳ, ಬಹುಕಾಲ ಮಳೆಬಿಸಿಲು ಕಾಣದ ಮಣ್ಣು. ನಾಲಗೆಗೆ ತಾಗಿಸಿ ಮಣ್ಣಿನ ಗುಣ ಹೇಳುವ ಕುಶಲಿಗಳಿದ್ದಾರೆ. ಎಲ್ಲ ನೆಲವನ್ನೂ ಕಲ್ಲುಹಾಸಿನಿಂದ ಮುಚ್ಚಿ, ಎಲ್ಲ ಮೂಲೆಗೂ ದೀಪ ಹಾಕುವ ಜೀರ್ಣೋದ್ಧಾರದಲ್ಲಿ ಆ ಮಣ್ಣಿಗೆ ಎಡೆ ಎಲ್ಲಿಯದು? ಬೀದಿಯ ಬಾಡಿಗೆ ಏರಿದಾಗ ಮೊದಲು ಎದ್ದುಹೋಗುವವರೂ ಈ ಕುಶಲಿಗಳೇ.

ಇಲ್ಲಿ ಆರಂಭದಲ್ಲಿ ಹೇಳಿದ ಮನೆಯ ಎರಡನೆಯ ನಕ್ಷೆ ಸಿದ್ಧವಾಗಿದೆ. ಅಂಗಳದ ಗೋಡೆ ಉಳಿಯುತ್ತದೆ, ಕಿಂಡಿಯೂ ಉಳಿಯುತ್ತದೆ. ಅದನ್ನು ಹಿರಿಯ ಹೆಣ್ಣುಮಗಳು ಹಟಹಿಡಿದು ಬರೆಸಿದರು. ಸಿಮೆಂಟಿನ ಗಿಲಾವು ಕೆರೆದು ಸುಣ್ಣ ಬರುತ್ತದೆ. ಮೇಲೆ ನಾಲ್ಕು ಬಾಡಿಗೆ ಮನೆಗಳು. ಈಗಿರುವ ಬಾಡಿಗೆದಾರರಲ್ಲಿ ಒಂದು ಕುಟುಂಬ ಮಾತ್ರ ಹಿಂದಿರುಗುವ ಮಾತಾಗಿದೆ. ಉಳಿದವರು ನೌಬಾದಿನ ಕಡೆ ಕೋಣೆ ಹುಡುಕಿಕೊಂಡಿದ್ದಾರೆ. ಮಧ್ಯದ ಕಮಾನಿನ ಒಳಗಿನ ಜಾಗಕ್ಕೆ ನಕ್ಷೆಯಲ್ಲಿ ‘ಅಂಗಡಿ ಸಂಖ್ಯೆ 3’ ಎಂದು ಬರೆದಿದೆ. ಮನೆಯ ಮಕ್ಕಳು ಅದನ್ನು ಇನ್ನೂ ದೇವಡಿ ಎಂದೇ ಕರೆಯುತ್ತಾರೆ.